ಚಾಕು ಪ್ರಿಯರ ಕೂಟ: ನಡುವೆ ಒಂದು ಕೆಲಸದ ಮೇಜು ಇರಲಿ

ಪ್ರಶ್ನೆ: ನಾವು ಬೆಂಗಳೂರಿನಲ್ಲಿ ಎಂಟು ಮಂದಿ ಗೆಳೆಯರು. ಒಬ್ಬರು ಹೋಟೆಲಿನಲ್ಲಿ ಅಡುಗೆಯವರು. ಇಬ್ಬರು ಚಾರಣಕ್ಕೆ ಹೋಗುವವರು. ಒಬ್ಬರು ಮನೆಯ ಹಿತ್ತಲಲ್ಲೇ ಚಾಕು ಮಾಡುತ್ತಾರೆ. ಉಳಿದವರಿಗೆ ಒಳ್ಳೆಯ ಚಾಕು ಅಂದರೆ ಇಷ್ಟ, ಅಷ್ಟೇ. ಇಷ್ಟು ದಿನ ಫೋನಿನಲ್ಲೇ ಮಾತುಕತೆ. ಒಂದು ಭಾನುವಾರ ಸೇರೋಣ, ಒಬ್ಬರ ಚಾಕು ಇನ್ನೊಬ್ಬರು ಕೈಯಲ್ಲಿ ಹಿಡಿದು ನೋಡೋಣ ಅಂತ ಆಸೆ. ಮನೆಯವರಿಗೆ ಮಾತ್ರ ಭಯ. ‘ಪೊಲೀಸರು ಬಂದರೆ ಏನು ಹೇಳ್ತೀರಿ’ ಅಂತಾರೆ. ಎಲ್ಲಿ ಸೇರಬೇಕು? ಏನು ತರಬಹುದು? ಸೇರಿದ ಮೇಲೆ ಏನು ಮಾಡಬೇಕು?
— ಓದುಗರು, ಬೆಂಗಳೂರು

ಉತ್ತರ: ಖಂಡಿತ ಸೇರಿ. ಮನೆಯವರ ಭಯವನ್ನೂ ತಳ್ಳಿಹಾಕಬೇಡಿ, ಅದಕ್ಕೆ ಉತ್ತರ ಇದೆ. ಮೇಜಿನ ಮೇಲೆ ಚಾಕುಗಳನ್ನು ಸಾಲಾಗಿ ಇಟ್ಟು, ಸುಮ್ನೆ ಕೈಕಟ್ಟಿ ನೋಡುವ ಕೂಟ ಅರ್ಧ ಗಂಟೆಯಲ್ಲಿ ಸಪ್ಪೆಯಾಗುತ್ತದೆ. ಹೊರಗಿನವರ ಕಣ್ಣಿಗೂ ಅದು ವಿಚಿತ್ರವಾಗಿ ಕಾಣುತ್ತದೆ. ಅದೇ ಮೇಜಿನ ಮೇಲೆ ಎರಡು ಕಿಲೋ ಟೊಮೆಟೊ, ಒಂದು ಬಾಳೆದಿಂಡು, ನಾಲ್ಕು ಸಾಣೆಕಲ್ಲು, ಒಂದು ಬಕೆಟ್ ನೀರು ಇದ್ದರೆ ಇಡೀ ದಿನ ಸಾಲುವುದಿಲ್ಲ. ಕೂಟದ ನಡುವೆ ಕೆಲಸ ಇರಲಿ. ಜಾಗ, ಕಾನೂನು, ಅಡುಗೆ, ಮಾತು ಎಲ್ಲವೂ ಅದರಿಂದ ಸಲೀಸಾಗುತ್ತದೆ.

ಮೊದಲು ಕಾನೂನು. 1959ರ ಆಯುಧ ಕಾಯ್ದೆ ಮತ್ತು 2016ರ ಆಯುಧ ನಿಯಮಗಳನ್ನು ನೀವು ತಿಳಿದಿರಬೇಕು. ಕತ್ತಿವರಸೆಯ ಖಡ್ಗ, ಬಾಕು, ಬಯೊನೆಟ್, ಭರ್ಜಿ ಇವು ನಿಯಮದ ಆಯುಧಗಳ ಪಟ್ಟಿಯಲ್ಲಿ ಹೆಸರು ಹಿಡಿದೇ ಇವೆ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಚಾಕುಗಳೂ ಅದೇ ಪಟ್ಟಿಯಲ್ಲಿವೆ. ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದ ಸಾಧನಗಳಿಗೆ ವಿನಾಯಿತಿ ಇದೆ. ಆದ್ದರಿಂದ ಅಡುಗೆಮನೆಯ ಅಗಲದ ಚಾಕು, ತೋಟದ ಕುಡುಗೋಲು ಬೇರೆ ಮಾತು. ಬರೀ ಅಲಂಕಾರಕ್ಕೆ ಕೊಂಡ ಉದ್ದನೆಯ ಬಾಕು ಬೇರೆ ಮಾತು.

ಇಷ್ಟಕ್ಕೇ ನಿರಾಳ ಆಗಬೇಡಿ. ಅಳತೆ ಸರಿಯಿದೆ ಅಂತ ಚಾಕುವನ್ನು ಬೀದಿಯಲ್ಲಿ ಹಿಡಿದು ಓಡಾಡುವಂತಿಲ್ಲ. ಕರ್ನಾಟಕ ಪೊಲೀಸ್ ಕಾಯ್ದೆಯಡಿ ಆಯುಧ ಒಯ್ಯುವುದನ್ನು ನಿಷೇಧಿಸುವ ಆದೇಶ ಹೊರಡಿಸಬಹುದು. ಗಲಾಟೆ, ಚುನಾವಣೆ, ದೊಡ್ಡ ಮೆರವಣಿಗೆ ಇದ್ದಾಗ ಇಂಥ ಆದೇಶಗಳು ಬರುತ್ತವೆ. ದಿನ ಗೊತ್ತು ಮಾಡುವ ಮುಂಚೆ ಪತ್ರಿಕೆ ನೋಡಿ. ನೀತಿಸಂಹಿತೆ ಜಾರಿಯಲ್ಲಿದ್ದರೆ, ಗಣೇಶನ ಮೆರವಣಿಗೆಯ ವಾರವಾದರೆ ಮುಂದಕ್ಕೆ ಹಾಕಿ. ನಿಮ್ಮ ಬಳಿ ಇರುವ ಯಾವುದೇ ವಸ್ತುವಿನ ಬಗ್ಗೆ ಅನುಮಾನ ಇದ್ದರೆ ಒಬ್ಬ ವಕೀಲರನ್ನು ಕೇಳಿ. ಅಲ್ಲಿಯವರೆಗೆ ಅದು ಮನೆಯಲ್ಲೇ ಇರಲಿ.

ಕೂಟಕ್ಕೆ ನೀವೇ ಒಂದು ನಿಯಮ ಮಾಡಿ: ಖಡ್ಗ ಬೇಡ, ಬಾಕು ಬೇಡ, ಲಾಂಗು ಬೇಡ, ಗುಂಡಿ ಒತ್ತಿದರೆ ಚಿಮ್ಮುವ ಚಾಕು ಬೇಡ. ಅಡುಗೆಯ ಚಾಕು, ತೋಟದ ಸಾಧನ, ಮರಗೆಲಸದ ಉಳಿ, ಚಿಕ್ಕ ಮಡಚುವ ಚಾಕು, ಸ್ವಿಸ್ ಚಾಕು ಇವು ಬರಲಿ. ಆಸಕ್ತಿಗೆ ಇಷ್ಟೇ ಬೇಕಾದಷ್ಟಾಯಿತು. ಸ್ವಿಸ್ ಚಾಕು ಒಂದನ್ನೇ ತೆಗೆದುಕೊಳ್ಳಿ. ಕಾರ್ಲ್ ಎಲ್ಸೆನರ್ 1884ರಲ್ಲಿ ಶುರು ಮಾಡಿದ ಚಾಕು ಕಾರ್ಖಾನೆಯದು ಅದು. ಆ ಕಾರ್ಖಾನೆ 1891ರಲ್ಲಿ ಸ್ವಿಸ್ ಸೈನಿಕರಿಗೆ ಚಾಕು ಕೊಟ್ಟಿತು. ಇಂದು ನಾವು ನೋಡುವ ಕೆಂಪು ಚಾಕುವಿನ ಮೂಲ ರೂಪ 1897ರದ್ದು. ಫ್ರಾನ್ಸಿನ ಸಾವಾಯ್ ಬೆಟ್ಟಸೀಮೆಯ ಒಪಿನೆಲ್ ಚಾಕು 1890ರಿಂದ ಇದೆ. ಮರದ ಹಿಡಿಯ ಕುತ್ತಿಗೆಗೆ ಉಂಗುರ ಹಾಕಿ ಅಲಗನ್ನು ಬಿಗಿ ಮಾಡುವ ಉಪಾಯ ಅದಕ್ಕೆ ಬಂದದ್ದು 1955ರಲ್ಲಿ. ಎರಡೂ ರೈತ, ಸೈನಿಕ, ಕೆಲಸಗಾರರ ಜೇಬಿನ ಸಾಧನಗಳು. ಒಬ್ಬರು ಒಂದೊಂದು ತಂದು ಅದರ ಕಥೆ ಹೇಳಿದರೂ ಮಧ್ಯಾಹ್ನ ಕಳೆದುಹೋಗುತ್ತದೆ.

ಜಾಗದ ವಿಷಯ. ಕಬ್ಬನ್ ಪಾರ್ಕು, ಲಾಲ್‌ಬಾಗು, ಕೆರೆಯ ದಂಡೆ, ಕಾಫಿ ಅಂಗಡಿ ಯಾವುದೂ ಬೇಡ. ಅಲ್ಲಿ ಪಕ್ಕದ ಬೆಂಚಿನಲ್ಲಿ ಕೂತ ಅಜ್ಜಿಗೆ ನಿಮ್ಮ ಹವ್ಯಾಸ ಏನು ಅಂತ ಗೊತ್ತಿರುವುದಿಲ್ಲ. ಅವರು ಹೆದರಿದರೆ ತಪ್ಪು ಅವರದಲ್ಲ. ಯಾರದಾದರೂ ಮನೆಯ ತಾರಸಿ, ಊರಾಚೆಯ ತೋಟ, ಪರಿಚಯದ ಬಡಗಿಯ ಕಾರ್ಖಾನೆ ಒಳ್ಳೆಯದು. ನಿಮ್ಮಲ್ಲೇ ಅಡುಗೆಯವರು ಇದ್ದಾರಲ್ಲ, ಊಟ ಮುಗಿದ ಮಧ್ಯಾಹ್ನದ ಹೊತ್ತಿನಲ್ಲಿ ಹೋಟೆಲಿನ ಅಡುಗೆಮನೆ ಸಿಕ್ಕರೆ ಇನ್ನೂ ಚೆಂದ. ಅಪಾರ್ಟ್‌ಮೆಂಟಿನ ಹಾಲ್ ಆದರೆ ಸಂಘದವರಿಗೆ ಮುಂಚೆಯೇ ಹೇಳಿ. ‘ಅಡುಗೆ ಚಾಕುಗಳಿಗೆ ಸಾಣೆ ಹಿಡಿಯುತ್ತೇವೆ, ನಿಮ್ಮ ಮನೆಯದ್ದೂ ತನ್ನಿ’ ಅಂತ ಹೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ಅಕ್ಕಪಕ್ಕದವರ ಹತ್ತು ಮೊಂಡು ಚಾಕು ಹರಿತ ಮಾಡಿಕೊಟ್ಟರೆ ಮುಂದಿನ ಸಲ ಅವರೇ ‘ಯಾವಾಗ’ ಅಂತ ಕೇಳುತ್ತಾರೆ.

ತರುವ ರೀತಿಯೂ ಮುಖ್ಯ. ಪ್ರತಿ ಅಲಗಿಗೂ ಒರೆ ಬೇಕು. ಒರೆ ಇಲ್ಲದಿದ್ದರೆ ದಪ್ಪ ರಟ್ಟು ಮಡಚಿ ಟೇಪ್ ಸುತ್ತಿ, ಮೇಲೆ ಟವೆಲ್ ಸುತ್ತಿ ಡಬ್ಬಿಯೊಳಗೆ ಹಾಕಿ. ಡಬ್ಬಿ ಸ್ಕೂಟರಿನ ಡಿಕ್ಕಿಯಲ್ಲೋ ಕಾರಿನ ಹಿಂದೆಯೋ ಇರಲಿ. ಸೊಂಟದಲ್ಲಿ, ಜೇಬಿನಲ್ಲಿ ಬೇಡ. ಮೆಟ್ರೋದಲ್ಲಿ ಬರಬೇಡಿ, ಬಾಗಿಲಲ್ಲೇ ಬ್ಯಾಗ್ ತಪಾಸಣೆ ಇರುತ್ತದೆ. ನೇರ ಬನ್ನಿ, ನೇರ ಮನೆಗೆ ಹೋಗಿ. ನಡುವೆ ಸಿನಿಮಾ, ಬಾರು, ಮಾಲ್ ಬೇಡ.

ಫೋಟೋ ಬಗ್ಗೆ ಕಟ್ಟುನಿಟ್ಟಾಗಿ ಇರಿ. 2025ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಲಾಂಗು ಹಿಡಿದು ರೀಲ್ಸ್ ಮಾಡಿದ ಇಬ್ಬರನ್ನು ಪೊಲೀಸರು ಬಂಧಿಸಿದ್ದು ನೆನಪಿರಬಹುದು. ಚಾಕು ಬೀಸುವ, ಯಾರ ಕಡೆಗಾದರೂ ತೋರಿಸುವ ಒಂದು ಚಿತ್ರವೂ ಬೇಡ. ಮೇಜಿನ ಮೇಲೆ ಮಲಗಿರುವ ಅಲಗು, ಕಲ್ಲಿನ ಮೇಲೆ ಓಡುವ ಕೈ, ತೆಳ್ಳಗೆ ಹೆಚ್ಚಿದ ಟೊಮೆಟೊ ಇವುಗಳ ಚಿತ್ರ ತೆಗೆಯಿರಿ. ನಮ್ಮ ಆಸಕ್ತಿ ಇರುವುದೂ ಅಲ್ಲೇ ಅಲ್ವಾ?

ಇನ್ನು ಕೆಲಸದ ಮೇಜು. ನನಗೆ ಅತಿ ಪ್ರಿಯವಾದ ಭಾಗ ಇದು, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸಾಣೆಗೆ ಮೂರು ಕಲ್ಲು ಸಾಕು: 400, 1000, 3000 ನಂಬರ್ (ನಂಬರ್ ಹೆಚ್ಚಿದಷ್ಟೂ ಕಲ್ಲು ನುಣುಪು). ದುಬಾರಿ ಜಪಾನಿ ಕಲ್ಲೇ ಬೇಕೆಂದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎರಡು ಮುಖದ ಕಲ್ಲಿನಲ್ಲೂ ಕೈ ಪಳಗುತ್ತದೆ. ಕಲ್ಲು ಜಾರದಂತೆ ಕೆಳಗೆ ಒದ್ದೆ ಬಟ್ಟೆ ಹಾಕಿ. ಹೊಸಬರು ಎಡವುವುದು ಕೋನದಲ್ಲಿ. ಅದಕ್ಕೆ ಒಂದು ಸುಲಭದ ಲೆಕ್ಕ ಇದೆ. ಅಲಗಿನ ಅಗಲ ಅಳೆಯಿರಿ. ಅದರ ಮೂರನೇ ಒಂದು ಭಾಗದಷ್ಟು ಎತ್ತರಕ್ಕೆ ಚಾಕುವಿನ ಬೆನ್ನನ್ನು ಕಲ್ಲಿನಿಂದ ಎತ್ತಿ ಹಿಡಿದರೆ ಹೆಚ್ಚುಕಡಿಮೆ 20 ಡಿಗ್ರಿ ಬರುತ್ತದೆ. ನಾಲ್ಕನೇ ಒಂದು ಭಾಗ ಎತ್ತಿದರೆ ಸುಮಾರು 15 ಡಿಗ್ರಿ. ಅಂದರೆ 45 ಮಿಲಿಮೀಟರ್ ಅಗಲದ ಅಡುಗೆ ಚಾಕುವಿಗೆ 20 ಡಿಗ್ರಿ ಬೇಕಾದರೆ 15 ಮಿಲಿಮೀಟರ್ ಎತ್ತರ. ನಮ್ಮ ಮನೆಗಳ ಸಾಮಾನ್ಯ ಚಾಕುವಿಗೆ 20 ಡಿಗ್ರಿ ಸರಿ. ಗಟ್ಟಿ ಉಕ್ಕಿನ ತೆಳ್ಳನೆಯ ಜಪಾನಿ ಚಾಕುವಿಗೆ 15. ಕಟ್ಟಿಗೆ, ಕಾಯಿ ಕಡಿಯುವ ಕತ್ತಿಗೆ 25ರಿಂದ 30. ಅದಕ್ಕಿಂತ ತೆಳ್ಳಗೆ ಮಾಡಿದರೆ ಅಂಚು ಮಡಚಿಕೊಳ್ಳುತ್ತದೆ, ಇಲ್ಲವೇ ಚೂರು ಕಿತ್ತು ಬರುತ್ತದೆ.

ಒಂದು ಬದಿ ಉಜ್ಜುತ್ತಾ ಹೋದಂತೆ ಇನ್ನೊಂದು ಬದಿಯಲ್ಲಿ ಬೆರಳಿಗೆ ಸಣ್ಣ ತರಿ, ಅಂದರೆ ಆಚೆಗೆ ಮಡಚಿಕೊಂಡ ಒರಟು ಅಂಚು, ಸಿಗಬೇಕು. ಬೆರಳನ್ನು ಬೆನ್ನಿನ ಕಡೆಯಿಂದ ಅಂಚಿನ ಹೊರಕ್ಕೆ ಎಳೆದು ನೋಡಿ. ಅಂಚಿನ ಉದ್ದಕ್ಕೆ ಯಾವತ್ತೂ ಎಳೆಯಬೇಡಿ. ಬುಡದಿಂದ ತುದಿಯವರೆಗೆ ತರಿ ಸಿಕ್ಕಿದ ಮೇಲೆಯೇ ಬದಿ ಬದಲಿಸಿ. ಬೇಗ ಬದಲಿಸಿದರೆ ಎಷ್ಟು ಹೊತ್ತು ಉಜ್ಜಿದರೂ ಹರಿತ ಬರುವುದಿಲ್ಲ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಒಳಮೈ ಮೇಲೆ ಅಲಗಿನ ಬೆನ್ನು ಮುಂದಾಗಿ ನಾಲ್ಕಾರು ಸಲ ಎಳೆದರೆ ಉಳಿದ ತರಿ ಹೋಗುತ್ತದೆ.

ಪರೀಕ್ಷೆಗೆ ಹಣ್ಣು ಟೊಮೆಟೊಗಿಂತ ಒಳ್ಳೆಯದು ಇಲ್ಲ. ಒತ್ತದೆ ಸಿಪ್ಪೆ ಸೀಳಬೇಕು. ಆಮೇಲೆ ತೆಂಗಿನ ನಾರಿನ ಹಗ್ಗ ಇಡಿ. ಅದು ಅಂಚನ್ನು ಬೇಗ ತಿನ್ನುತ್ತದೆ. ಎರಡು ಚಾಕುಗಳಿಂದ ಅದೇ ಹಗ್ಗವನ್ನು ಕತ್ತರಿಸುತ್ತಾ ಹೋಗಿ. ಯಾವುದು ಮೊದಲು ಟೊಮೆಟೊ ಮೇಲೆ ಜಾರುತ್ತದೆ ನೋಡಿ. ಉಕ್ಕಿನ ಬಗ್ಗೆ ವರ್ಷಗಟ್ಟಲೆ ಓದಿದ್ದು ಆ ಹತ್ತು ನಿಮಿಷದಲ್ಲಿ ಕೈಗೆ ತಿಳಿಯುತ್ತದೆ. ಸುವರ್ಣಗಡ್ಡೆ, ಬಾಳೆದಿಂಡು, ಸೌತೆಕಾಯಿ ಎಲ್ಲ ಹೆಚ್ಚಿ. ಹೆಚ್ಚಿದ್ದು ಸಂಜೆಯ ಪಲ್ಯ, ಕೋಸಂಬರಿಗೆ ಹೋಗಲಿ. ಬೇಸಿಗೆಯಾದರೆ ಹಲಸಿನಕಾಯಿ ಮರೆಯಬೇಡಿ. ಅಲಗಿಗೆ ಕೊಬ್ಬರಿಎಣ್ಣೆ ಸವರಿಕೊಂಡರೆ ಅಂಟು ಹಿಡಿಯುವುದಿಲ್ಲ.

ಸಾಧ್ಯವಾದರೆ ಕಸುಬುದಾರರನ್ನು ಕರೆಯಿರಿ. ಬೀದಿಯಲ್ಲಿ ಚಕ್ರ ತುಳಿದು ಸಾಣೆ ಹಿಡಿಯುವವರು, ಕುಲುಮೆಯ ಕಮ್ಮಾರರು. ಅವರ ದಿನಗೂಲಿಗಿಂತ ಹೆಚ್ಚು ಕೊಟ್ಟು, ಊಟಕ್ಕೆ ಜೊತೆಯಲ್ಲೇ ಕೂರಿಸಿಕೊಂಡು ಮಾತಾಡಿಸಿ. ಲಾರಿಯ ಹಳೆಯ ಪಟ್ಟಾ ಸ್ಪ್ರಿಂಗನ್ನು ಕಾಯಿಸಿ ಕತ್ತಿ ಮಾಡುವುದು ಅವರಿಗೆ ದಿನದ ಕೆಲಸ. ಕೆಂಪಾದ ಉಕ್ಕಿಗೆ ಆಯಸ್ಕಾಂತ ಹಿಡಿದು ನೋಡಿ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಅಂಟುವುದಿಲ್ಲ. ಉಕ್ಕು ಗಟ್ಟಿಯಾಗಲು ಎಣ್ಣೆಯಲ್ಲಿ ಅದ್ದುವ ಹೊತ್ತು ಅದರ ಸ್ವಲ್ಪ ಮೇಲೆ. ಅನುಭವಿ ಕಮ್ಮಾರರು ಆಯಸ್ಕಾಂತ ಇಲ್ಲದೆ ಬರೀ ಬಣ್ಣ ನೋಡಿ ಅದನ್ನು ಹೇಳುತ್ತಾರೆ. ಗಟ್ಟಿಯಾದ ಅಲಗನ್ನು ಮತ್ತೆ ಮೆಲ್ಲಗೆ ಕಾಯಿಸಿ ಹದ ಕೊಡುವಾಗ ಅಂಚು ಹುಲ್ಲಿನ ಹಳದಿಗೆ ತಿರುಗುತ್ತದೆ, ಅದು 220 ಡಿಗ್ರಿ ಆಸುಪಾಸು. ನೀಲಿಗೆ ಹೋದರೆ 300ರ ಹತ್ತಿರ, ಅಂಚು ಮೆತ್ತಗಾಯಿತು. ಒಣ ಚಕ್ರದಲ್ಲಿ ಒತ್ತಿ ಸಾಣೆ ಹಿಡಿದಾಗ ತೆಳ್ಳನೆಯ ಅಂಚು ನೀಲಿಯಾಗುವುದೂ ಇದೇ ಕಾರಣಕ್ಕೆ. ಒಳ್ಳೆಯ ಚಾಕುವನ್ನು ಆ ಚಕ್ರಕ್ಕೆ ಕೊಡಬೇಡಿ.

ಕೈಬದಲಾಗುವಾಗ ಒಂದೇ ಪದ್ಧತಿ ಇಟ್ಟುಕೊಳ್ಳಿ. ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಮೇಜಿನ ಮೇಲೆ ಇಡುತ್ತೀರಿ, ಅವರು ಎತ್ತಿಕೊಳ್ಳುತ್ತಾರೆ. ನಮ್ಮ ಹಿರಿಯರೂ ಹಾಗೇ ಇಟ್ಟೇ ಕೊಡುತ್ತಿದ್ದರು. ಕೇಳದೆ ಯಾರ ಚಾಕುವನ್ನೂ ಮುಟ್ಟಬೇಡಿ. ಬಿದ್ದರೆ ಹಿಡಿಯಲು ಹೋಗದೆ ಹಿಂದೆ ಸರಿಯಿರಿ. ಕತ್ತರಿಸುವವರ ಸುತ್ತ ಒಂದು ತೋಳಿನಷ್ಟು ಜಾಗ ಖಾಲಿ ಇರಲಿ. ಕೂಟ ಮುಗಿಯುವವರೆಗೆ ಮದ್ಯ ಬೇಡವೇ ಬೇಡ. ಗಾಯವಾದರೆ ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ. ಆಮೇಲೂ ನಿಲ್ಲದಿದ್ದರೆ, ಅಥವಾ ಬೆರಳು ಮರಗಟ್ಟಿದರೆ, ಮಡಚಲು ಬಾರದಿದ್ದರೆ ನೇರ ಆಸ್ಪತ್ರೆಗೆ. ಟಿಟಿ ಇಂಜೆಕ್ಷನ್ ಯಾವಾಗ ಹಾಕಿಸಿದ್ದು ಅನ್ನುವುದು ಎಲ್ಲರಿಗೂ ಗೊತ್ತಿರಲಿ.

ದಿನಕ್ಕೆ ಒಂದು ಸಲಹೆ: ಆಯುಧಪೂಜೆ ಕಳೆದ ಮುಂದಿನ ಭಾನುವಾರ. ಪೂಜೆಗೆಂದು ಎಲ್ಲರ ಮನೆಯ ಸಾಧನಗಳೂ ಹೊರಗೆ ಬಂದು ತೊಳೆಸಿಕೊಂಡಿರುತ್ತವೆ. ಯಾವುದು ಮೊಂಡಾಗಿದೆ ಅನ್ನುವುದೂ ಆಗ ಗೊತ್ತಾಗಿರುತ್ತದೆ.

ಪ್ರಶ್ನೆ: ನಮ್ಮದು ಶಿರಸಿ ಕಡೆ, ಈಗ ಬೆಂಗಳೂರಿನಲ್ಲಿ ಕೆಲಸ. ಗೆಳೆಯರು ಚಾಕು ಕೂಟಕ್ಕೆ ಕರೆದಿದ್ದಾರೆ. ನನ್ನ ಹತ್ತಿರ ಬೆಲೆಬಾಳುವ ಚಾಕು ಒಂದೂ ಇಲ್ಲ. ಅಜ್ಜನ ಕಾಲದ ಒಂದು ಕತ್ತಿ, ಅಡಕತ್ತರಿ, ಅಡಿಕೆ ಸುಲಿಯುವ ಮೆಟ್ಟುಗತ್ತಿ ಇವೆ. ತುಕ್ಕೂ ಹಿಡಿದಿದೆ. ಬರಿಗೈಯಲ್ಲಿ ಹೋಗಲೇ?
— ಓದುಗರು, ಬೆಂಗಳೂರು

ಉತ್ತರ: ಅಡಕತ್ತರಿ, ಮೆಟ್ಟುಗತ್ತಿ ಎರಡನ್ನೂ ತನ್ನಿ. ದಯವಿಟ್ಟು ತನ್ನಿ. ಅಂಗಡಿಯ ಚಾಕುವನ್ನು ದುಡ್ಡಿದ್ದವರು ಯಾರು ಬೇಕಾದರೂ ತರಬಹುದು. ನಿಂತ ಅಲಗಿನ ಮೇಲೆ ಅಡಿಕೆ ಸುಲಿಯುವ ಕೈಚಳಕ ತೋರಿಸಲು ನೀವೇ ಬೇಕು. ಚಾಕು ಓಡಾಡದೆ ಹೆಚ್ಚುವ ವಸ್ತುವೇ ಓಡಾಡುವ ಈ ಕ್ರಮ ನಮ್ಮ ಈಳಿಗೆ ಮಣೆಯಲ್ಲೂ ಇದೆ. ಜರ್ಮನ್, ಜಪಾನಿ ಚಾಕುಗಳನ್ನಷ್ಟೇ ನೋಡಿದವರಿಗೆ ಇದು ಹೊಸ ಪಾಠ.

ಅಜ್ಜನ ಕತ್ತಿ ದೊಡ್ಡದಾಗಿದ್ದರೆ ಈ ಸಲ ಊರಲ್ಲೇ ಇರಲಿ. ತೋಟದ ಸಾಧನವೇ ಆದರೂ ನಗರದ ರಸ್ತೆಯಲ್ಲಿ ಅದರ ವಿವರಣೆ ಕೊಡುವುದು ಕಷ್ಟ. ಕೂಟವೇ ಒಮ್ಮೆ ನಿಮ್ಮ ತೋಟಕ್ಕೆ ಬರಲಿ. ಕೊಡಗಿನ ಗೆಳೆಯರ ಒಡಿಕತ್ತಿ, ಪೀಚೆಕತ್ತಿಗೂ ಇದೇ ಮಾತು. ಆಯುಧ ಪೂಜಿಸುವ ಕೈಲ್‌ಪೋದ್ ಹಬ್ಬಕ್ಕೆ ಅವರು ಕರೆದರೆ ಅವರ ಮನೆಗೇ ಹೋಗಿ, ಅವರ ಕ್ರಮದಲ್ಲೇ ನೋಡಿ.

ತುಕ್ಕಿಗೆ ಗ್ರೈಂಡರ್ ಹಾಕಬೇಡಿ. ಎಣ್ಣೆ ಸವರಿ ಒಂದು ರಾತ್ರಿ ಬಿಡಿ, ತೆಳು ಉಕ್ಕಿನ ನಾರಿನಿಂದ ಮೆಲ್ಲಗೆ ಉಜ್ಜಿ. ಕೆಂಪು ಪುಡಿ ಹೋಗಲಿ, ಕೆಳಗಿನ ಕಪ್ಪು ಪದರ ಉಳಿಯಲಿ. ಅಡಿಕೆ, ಹುಣಸೆ, ಬಾಳೆಯ ರಸ ತಾಗಿ ತಾಗಿ ಬಂದ ಆ ಕಪ್ಪು ಹೊಸ ತುಕ್ಕನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಅಂಚಿಗೆ ಸಾಣೆ ಹಿಡಿದ ಮೇಲೆ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕೆಲವು ಹಳೆಯ ಸಾಧನಗಳಲ್ಲಿ ಮೈ ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ ಕಾಣುತ್ತದೆ. ಮೆತ್ತನೆಯ ಕಬ್ಬಿಣಕ್ಕೆ ಕಮ್ಮಾರರು ಗಟ್ಟಿ ಉಕ್ಕು ಬೆಸೆದಿರುವ ಗುರುತು ಅದು. ಜಪಾನಿನವರೂ ತಮ್ಮ ಚಾಕುಗಳಲ್ಲಿ ಇದನ್ನೇ ಮಾಡುತ್ತಾರೆ. ನಿಮ್ಮದರಲ್ಲಿ ಆ ಗೆರೆ ಕಂಡರೆ ಎಲ್ಲರಿಗೂ ತೋರಿಸಿ. ಯಾವ ಊರಿನ ಕುಲುಮೆ, ಯಾರು ಮಾಡಿದ್ದು ಅಂತ ಮನೆಯ ಹಿರಿಯರನ್ನು ಕೇಳಿ ಬರೆದಿಟ್ಟುಕೊಂಡು ಬನ್ನಿ.

ಪ್ರಶ್ನೆ: ಮಗನಿಗೆ 13 ವರ್ಷ. ನನ್ನ ಜೊತೆ ಕೂಟಕ್ಕೆ ಬರುತ್ತೇನೆ ಅಂತ ಹಟ. ಕರೆದುಕೊಂಡು ಹೋಗಬಹುದಾ?
— ಓದುಗರು, ಮೈಸೂರು

ಉತ್ತರ: ಹೋಗಬಹುದು. ನೀವು ಅವನ ಪಕ್ಕದಲ್ಲೇ ಕೂರಬೇಕು, ಅವನನ್ನು ಇನ್ನೊಬ್ಬರ ಮೇಲೆ ಬಿಟ್ಟು ಹರಟೆಗೆ ಹೋಗಬಾರದು. ಮಡಚುವ ಚಾಕು ಸದ್ಯಕ್ಕೆ ಬೇಡ. ಬೀಗವಿಲ್ಲದ ಅಲಗು ಬೆರಳ ಮೇಲೆ ಮುಚ್ಚಿಕೊಳ್ಳುತ್ತದೆ. ಮೂರು ಇಂಚಿನ ನೇರ ತರಕಾರಿ ಚಾಕು ಕೊಡಿ. ಎಡಗೈಗೆ, ಎಡಚನಾದರೆ ಬಲಗೈಗೆ, ಕೊಯ್ತ ತಡೆಯುವ ಗವಸು ಹಾಕಿಸಿ. ಬೆರಳ ತುದಿಗಳನ್ನು ಒಳಕ್ಕೆ ಬಾಗಿಸಿ ತರಕಾರಿ ಹಿಡಿಯುವುದನ್ನು ಮೊದಲು ಕಲಿಸಿ. ಮೊಂಡು ಚಾಕು ಕೊಟ್ಟರೆ ಸುರಕ್ಷಿತ ಅಂತ ಅಂದುಕೊಳ್ಳಬೇಡಿ. ಒತ್ತಿ ಒತ್ತಿ ಕತ್ತರಿಸುವಾಗಲೇ ಜಾರುವುದು ಜಾಸ್ತಿ.

ಸಾಣೆಯ ಮೇಜಿನಲ್ಲಿ ಅವನಿಗೊಂದು ಜಾಗ ಮಾಡಿ. 1000 ನಂಬರಿನ ಕಲ್ಲು, ಮನೆಯಿಂದಲೇ ತಂದ ಹಳೆಯ ಚಾಕು. ಅಂಚಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಹಚ್ಚಿ ಕೊಡಿ. ಎರಡು ಸಲ ಉಜ್ಜಿದ ಮೇಲೆ ಬಣ್ಣ ಎಲ್ಲಿ ಅಳಿಸಿದೆ, ಎಲ್ಲಿ ಉಳಿದಿದೆ ಅಂತ ಅವನೇ ನೋಡಲಿ. ಮೇಲ್ಭಾಗದ ಬಣ್ಣ ಮಾತ್ರ ಹೋಗಿದ್ದರೆ ಚಾಕುವಿನ ಬೆನ್ನನ್ನು ಸ್ವಲ್ಪ ಎತ್ತಬೇಕು. ತೀರಾ ಹರಿತದ ಅಂಚಿನದು ಮಾತ್ರ ಹೋಗಿದ್ದರೆ ಇಳಿಸಬೇಕು. ಹುಡುಗರು ಇದನ್ನು ಬೇಗ ಹಿಡಿಯುತ್ತಾರೆ. ಮನೆಗೆ ಬಂದ ಮೇಲೂ ಕಲ್ಲು ಅವನ ಕೈಗೆ ಸಿಗುವಂತೆ ಇರಲಿ. ಚಾಕುಗಳು ಮಾತ್ರ ಬೀಗ ಹಾಕಿದ ಡ್ರಾಯರಿನಲ್ಲಿ ಇರಲಿ, ನೀವು ಇದ್ದಾಗ ತೆಗೆದುಕೊಡಿ.