ವಕೀಲರ ಚಾರಿಟಿಗೆ ಟ್ರಸ್ಟಿಯಾಗುವ ಮುನ್ನ

ಪ್ರಶ್ನೆ: ನಾನು ಇಂಗ್ಲೆಂಡಿನಲ್ಲಿ ಸಾಲಿಸಿಟರ್. ಆಟಿಸಂ, ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲಿಸಲು ಕಷ್ಟವಾಗುವ ಸ್ಥಿತಿ), ಡಿಸ್ಲೆಕ್ಸಿಯಾ (ಓದು-ಬರಹದ ತೊಡಕು) ಇರುವ ವಕೀಲರಿಗೂ ಕಾನೂನು ವಿದ್ಯಾರ್ಥಿಗಳಿಗೂ ನೆರವಾಗುವ ಸಣ್ಣ ಚಾರಿಟಿಯೊಂದು ಟ್ರಸ್ಟಿಯಾಗಿ ಬರುವಂತೆ ಕರೆದಿದೆ. ಸಂಬಳವಿಲ್ಲ, ಸಂಜೆ ಹೊತ್ತು ಸಭೆ. ಒಪ್ಪುವ ಮೊದಲು ಏನೇನು ನೋಡಿಕೊಳ್ಳಬೇಕು?

ಉತ್ತರ: ಮೊದಲು ಒಂದು ವಿಷಯ ಸ್ಪಷ್ಟವಿರಲಿ. ಕಷ್ಟದಲ್ಲಿರುವವರ ಫೋನೆತ್ತಿ ಧೈರ್ಯ ಹೇಳುವುದು ಸ್ವಯಂಸೇವಕರ ಕೆಲಸ, ಟ್ರಸ್ಟಿಯದಲ್ಲ. 2011ರ ಚಾರಿಟೀಸ್ ಆ್ಯಕ್ಟ್‌ನ 177ನೇ ಸೆಕ್ಷನ್ ಪ್ರಕಾರ ಸಂಸ್ಥೆಯ ಆಡಳಿತದ ಒಟ್ಟಾರೆ ಹತೋಟಿ ಯಾರ ಕೈಯಲ್ಲಿದೆಯೋ ಅವರೇ ಟ್ರಸ್ಟಿಗಳು. ಹಣ, ನಿರ್ಧಾರ, ತಪ್ಪು, ಎಲ್ಲಕ್ಕೂ ನೀವೆಲ್ಲ ಒಟ್ಟಾಗಿ ಹೊಣೆ. ಖಜಾಂಚಿ ನೋಡಿಕೊಳ್ಳುತ್ತಾರೆ ಎಂದು ಸುಮ್ಮನಿರುವಂತಿಲ್ಲ.

ಸಂಸ್ಥೆಯ ನಿಯಮಾವಳಿ ತರಿಸಿಕೊಂಡು ಅದು ಯಾವ ರೂಪದ ಸಂಸ್ಥೆ ಎಂದು ನೋಡಿ. ಸಿಐಒ (ಚಾರಿಟಿಗಳಿಗೆಂದೇ ಇರುವ, ತನ್ನದೇ ಕಾನೂನು ಅಸ್ತಿತ್ವವುಳ್ಳ ಸಂಸ್ಥಾ ರೂಪ) ಅಥವಾ ಕಂಪನಿಯಾಗಿದ್ದರೆ ಸಂಸ್ಥೆಯ ಸಾಲ ಸಾಮಾನ್ಯವಾಗಿ ನಿಮ್ಮ ಸ್ವಂತ ಆಸ್ತಿಯ ತನಕ ಬರುವುದಿಲ್ಲ. ಹಾಗೆ ನೋಂದಣಿಯಾಗದ ಟ್ರಸ್ಟ್ ಆಗಿದ್ದರೆ ಒಪ್ಪಂದಗಳು ಟ್ರಸ್ಟಿಗಳ ಹೆಸರಿನಲ್ಲೇ ಆಗುತ್ತವೆ. ಅಲ್ಲಿ ಜಾಗ್ರತೆ ಹೆಚ್ಚು ಬೇಕು. ಆಮೇಲೆ ಚಾರಿಟಿಗಳ ಮೇಲ್ವಿಚಾರಣೆ ನಡೆಸುವ ಚಾರಿಟಿ ಕಮಿಷನ್ನಿನ ರಿಜಿಸ್ಟರ್‌ನಲ್ಲಿ ಸಂಸ್ಥೆಯ ಹೆಸರು ಹುಡುಕಿ. ಹಣಕಾಸು ವರ್ಷ ಮುಗಿದ 10 ತಿಂಗಳೊಳಗೆ ವಾರ್ಷಿಕ ವಿವರ ಸಲ್ಲಿಕೆಯಾಗಬೇಕು. ಒಮ್ಮೆ ತಡವಾಗಿದ್ದರೆ ಕಾರಣ ಕೇಳಿ. ಮತ್ತೆ ಮತ್ತೆ ತಡವಾಗಿದ್ದರೆ ಒಳಗೆ ಲೆಕ್ಕ ಬರೆಯುವವರೇ ಇಲ್ಲ ಎಂದೇ ತಿಳಿಯಿರಿ. ಹಿಂದಿನ 3 ವರ್ಷಗಳ ಲೆಕ್ಕಪತ್ರ, ಕೊನೆಯ ನಾಲ್ಕು ಸಭೆಗಳ ನಡಾವಳಿ ಕೇಳಿ ಪಡೆಯಿರಿ. ಕೊಡಲು ಹಿಂದೇಟು ಹಾಕಿದರೆ ನೀವೂ ಹಿಂದೆ ಸರಿಯಿರಿ.

ಲೆಕ್ಕದಲ್ಲಿ ಹೊಸಬರು ಎಡವುವುದು ಷರತ್ತಿನ ಹಣದಲ್ಲಿ. ಬ್ಯಾಂಕಿನಲ್ಲಿ 30,000 ಪೌಂಡ್ ಇದೆ ಎಂದುಕೊಳ್ಳಿ. ಅದರಲ್ಲಿ 26,000 ಪೌಂಡನ್ನು ಕಾನೂನು ಫರ್ಮ್ ಒಂದು ವಿದ್ಯಾರ್ಥಿಗಳ ಮಾರ್ಗದರ್ಶನಕ್ಕೆಂದೇ ಕೊಟ್ಟಿದ್ದರೆ, ಅದನ್ನು ವೆಬ್‌ಸೈಟಿಗೋ ಲೆಕ್ಕಿಗರ ಶುಲ್ಕಕ್ಕೋ ಬಳಸಿದರೆ ಟ್ರಸ್ಟ್‌ಗೆ ದ್ರೋಹವಾಗುತ್ತದೆ. ನಿಜಕ್ಕೂ ಕೈಯಲ್ಲಿರುವುದು 4,000 ಪೌಂಡ್ ಮಾತ್ರ. ಈ ಎರಡು ಅಂಕಿಗಳನ್ನು ಪ್ರತಿ ಸಭೆಯಲ್ಲೂ ಬೇರೆ ಬೇರೆಯಾಗಿ ತೋರಿಸಲು ಹೇಳಿ.

ನೀವು ವಕೀಲರಾದ್ದರಿಂದ ಇನ್ನೊಂದು ತೊಡಕಿದೆ. 2000ದ ಟ್ರಸ್ಟೀ ಆ್ಯಕ್ಟ್‌ನ ಪ್ರಕಾರ ವಿಶೇಷ ತಿಳಿವಳಿಕೆ ಇರುವವರಿಂದ ಎಚ್ಚರವನ್ನೂ ಹೆಚ್ಚಾಗಿಯೇ ನಿರೀಕ್ಷಿಸಲಾಗುತ್ತದೆ. ಉಳಿದವರು ಪ್ರತಿಯೊಂದು ಕಾನೂನು ಪ್ರಶ್ನೆಯನ್ನೂ ನಿಮ್ಮತ್ತಲೇ ತಳ್ಳುತ್ತಾರೆ. ನಿಮ್ಮ ವೃತ್ತಿವಿಮೆ ಈ ಕೆಲಸಕ್ಕೆ ಅನ್ವಯವಾಗುತ್ತದೆ ಎಂದುಕೊಳ್ಳಬೇಡಿ. ಸಿಬ್ಬಂದಿ ಒಪ್ಪಂದ, ವಿವಾದಗಳಂಥ ವಿಷಯಕ್ಕೆ ಹೊರಗಿನ ವಕೀಲರ ಸಲಹೆ ಪಡೆಯಬೇಕೆಂದು ಮೊದಲ ಸಭೆಯಲ್ಲೇ ಹೇಳಿ, ನಡಾವಳಿಯಲ್ಲಿ ಬರೆಸಿ. ನಿಮ್ಮ ಫರ್ಮೇ ದಾನಿಯಾಗಿದ್ದರೆ ಹಿತಾಸಕ್ತಿ ಘೋಷಿಸಿ, ಆ ಚರ್ಚೆ ನಡೆಯುವಾಗ ಎದ್ದು ಹೊರಗೆ ಹೋಗಿ.

ಪ್ರಶ್ನೆ: ನಾನು ಬ್ಯಾರಿಸ್ಟರ್. ಇಂಥದೇ ಚಾರಿಟಿಯ ಟ್ರಸ್ಟಿ. ನನಗೂ ಎಡಿಎಚ್‌ಡಿ ಇದೆ. ಸಭೆಯ ಹಿಂದಿನ ರಾತ್ರಿ 80 ಪುಟ ಬರುತ್ತದೆ, ಎರಡೂವರೆ ಗಂಟೆ ಬಿಡುವಿಲ್ಲದೆ ಸಭೆ ನಡೆಯುತ್ತದೆ. ನಿರ್ಧಾರವಾದದ್ದು ಏನೆಂದೇ ನೆನಪಿರುವುದಿಲ್ಲ. ಬದಲಾವಣೆ ಕೇಳಲು ಮುಜುಗರ.

ಉತ್ತರ: ಮುಜುಗರ ಪಡಬೇಕಾದವರು ನೀವಲ್ಲ. ಫರ್ಮ್‌ಗಳಿಗೆ ಏನು ಬದಲಿಸಿ ಎಂದು ಹೇಳುತ್ತೀರೋ ಅದನ್ನು ನಿಮ್ಮ ಮಂಡಳಿಯೇ ಮೊದಲು ಮಾಡಬೇಕು. ನ್ಯೂರೋಡೈವರ್ಜೆಂಟ್ (ಆಟಿಸಂ, ಎಡಿಎಚ್‌ಡಿಯಂಥ ಸ್ಥಿತಿ ಇರುವ) ಟ್ರಸ್ಟಿಗಳು ಎರಡೇ ವರ್ಷಕ್ಕೆ ಬಿಟ್ಟುಹೋದರೆ ಕಾರಣವನ್ನು ಅವರ ಆಸಕ್ತಿಯಲ್ಲಿ ಹುಡುಕಬೇಡಿ, ಸಭೆ ನಡೆಸುವ ರೀತಿಯಲ್ಲಿ ಹುಡುಕಿ.

ಅಧ್ಯಕ್ಷರಿಗೆ ಲಿಖಿತವಾಗಿ ಕೇಳಿ. ನಿಮಗೊಬ್ಬರಿಗೆ ರಿಯಾಯಿತಿ ಎಂದು ಬೇಡ, ಮಂಡಳಿಯ ಕ್ರಮವಾಗಿಯೇ ಇರಲಿ. ಕಾಗದಪತ್ರ 7 ದಿನ ಮುಂಚೆ ಬರಬೇಕು. ತಡವಾಗಿ ಬಂದದ್ದು ತುರ್ತಲ್ಲದಿದ್ದರೆ ಮುಂದಿನ ಸಭೆಗೆ ಹೋಗಬೇಕು. ಈ ಬಿಗಿ ಇಲ್ಲದಿದ್ದರೆ ನಿಯಮ ಎರಡೇ ಸಭೆಯಲ್ಲಿ ಸಾಯುತ್ತದೆ. ಅಜೆಂಡಾದ ಪ್ರತಿ ವಿಷಯದ ಮುಂದೆ 'ನಿರ್ಧಾರಕ್ಕೆ', 'ಚರ್ಚೆಗೆ', 'ಮಾಹಿತಿಗೆ' ಎಂದು ಗುರುತು, ಪಕ್ಕದಲ್ಲಿ ನಿಮಿಷಗಳು. ಉದ್ದದ ವರದಿಯ ಮೇಲೆ ಅರ್ಧ ಪುಟ: ಏನು ತೀರ್ಮಾನವಾಗಬೇಕು, ಖರ್ಚೆಷ್ಟು, ಅಪಾಯವೇನು, ಶಿಫಾರಸು ಏನು. ಸ್ಕ್ಯಾನ್ ಮಾಡಿದ ಪಿಡಿಎಫ್ ಬೇಡ. ಅದು ಬರೀ ಚಿತ್ರ, ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್‌ಗೆ ಅದರಲ್ಲಿ ಅಕ್ಷರವೇ ಕಾಣದು. 45 ನಿಮಿಷಕ್ಕೊಮ್ಮೆ ಬಿಡುವು. ಆನ್‌ಲೈನ್ ಸಭೆಯಲ್ಲಿ ಕ್ಯಾಮೆರಾ ಆನ್ ಮಾಡಲೇಬೇಕೆಂಬ ಒತ್ತಾಯ ಬೇಡ. ಪ್ರತಿ ನಿರ್ಧಾರವಾದ ತಕ್ಷಣ ಅಧ್ಯಕ್ಷರು ಅದನ್ನು ಒಂದೇ ವಾಕ್ಯದಲ್ಲಿ ಓದಿ ಹೇಳಲಿ. ಯಾರು, ಏನು, ಯಾವ ದಿನಾಂಕದೊಳಗೆ ಎಂಬ ಪಟ್ಟಿ 48 ಗಂಟೆಯೊಳಗೆ ಎಲ್ಲರಿಗೂ ಬರಲಿ. ನೆನಪಿನ ಹೊರೆ ಹಾಗೆ ಕಾಗದಕ್ಕೆ ಇಳಿಯುತ್ತದೆ.

ಅಭಿಪ್ರಾಯವನ್ನು ಮೊದಲೇ ಬರೆದು ಕಳಿಸಬಹುದು, ಆದರೆ ನಿಯಮಾವಳಿ ಒಪ್ಪದಿದ್ದರೆ ಅದು ಮತವಾಗುವುದಿಲ್ಲ.

ಖರ್ಚಿನ ಮಾತು. ಅಂಗವೈಕಲ್ಯ ಇರುವವರಿಗೆ ಕೆಲಸದಲ್ಲಿ ಬೇಕಾದ ಅನುಕೂಲಕ್ಕೆ ಸರ್ಕಾರ ಕೊಡುವ ಆ್ಯಕ್ಸೆಸ್ ಟು ವರ್ಕ್ ನೆರವು ಸಂಬಳ ಅಥವಾ ಸ್ವಂತ ದುಡಿಮೆಯ ಕೆಲಸಕ್ಕೆ ಮಾತ್ರ, ಸ್ವಯಂಸೇವೆಗೆ ಸಿಗದು. ಆದ್ದರಿಂದ ಟ್ರಸ್ಟಿಗಳಿಗೆ ಬೇಕಾದ ಸಾಫ್ಟ್‌ವೇರ್, ನೆರವಿಗೆ ಚಾರಿಟಿ ಬಜೆಟ್ಟಿನಲ್ಲೇ ಒಂದು ಸಾಲು ಇರಲಿ. ನಿಮ್ಮ ಚೇಂಬರ್ಸ್ (ಬ್ಯಾರಿಸ್ಟರ್‌ಗಳ ಕಚೇರಿ) ಕೆಲಸಕ್ಕಾದರೆ ಸ್ವಉದ್ಯೋಗಿಯಾಗಿ ಅದಕ್ಕೆ ಅರ್ಜಿ ಹಾಕಬಹುದು. ಉತ್ತರ ಬರುವುದು ತಡ, ಈಗಲೇ ಹಾಕಿ.

ಪ್ರಶ್ನೆ: ನಮ್ಮ ಚಾರಿಟಿ ಜಾಗೃತಿ ಉಪನ್ಯಾಸ ಬಿಟ್ಟು ಏನನ್ನೂ ಮಾಡುತ್ತಿಲ್ಲ. ಹಣವೂ ಕಡಿಮೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಕೆಲಸ ನಿಜವಾಗಿ ಎಲ್ಲಿ ಕಷ್ಟ ಕೊಡುತ್ತದೋ ಅಲ್ಲಿಂದ. ಅನೇಕ ಫರ್ಮ್‌ಗಳಲ್ಲಿ ಸಮಯದ ಲೆಕ್ಕ 6 ನಿಮಿಷದ ಯೂನಿಟ್‌ಗಳಲ್ಲಿ, ಗಂಟೆಗೆ ಹತ್ತು. ಎಡಿಎಚ್‌ಡಿ ಇರುವವರು ದಿನವಿಡೀ ಚೆನ್ನಾಗಿ ದುಡಿದು, ಸಂಜೆ ನೆನಪಿನಿಂದ ಯೂನಿಟ್ ತುಂಬಲು ಕೂತಾಗ ಅರ್ಧ ಕೆಲಸವೇ ಲೆಕ್ಕದಿಂದ ಜಾರಿಹೋಗುತ್ತದೆ. ಮೇಲಿನವರಿಗೆ ಅದು ಸೋಮಾರಿತನದಂತೆ ಕಾಣುತ್ತದೆ. ತಾನಾಗಿಯೇ ಓಡುವ ಟೈಮರ್, ಮಧ್ಯಾಹ್ನ ಮತ್ತು ಸಂಜೆ ಎರಡು ಸಲ ನಮೂದು, ಬಾಯಿಮಾತಿನ ಸೂಚನೆಗೆ ಬೆನ್ನಲ್ಲೇ ಎರಡು ಸಾಲಿನ ಇಮೇಲ್: ಇಷ್ಟನ್ನೇ ಹೇಳುವ ಒಂದು ಪುಟದ ಕೈಪಿಡಿಯನ್ನು ಸೂಪರ್‌ವೈಸರ್‌ಗಳಿಗೆ ಕೊಡಿ.

ವಿದ್ಯಾರ್ಥಿಗಳಿಗೆ ಎಸ್‌ಕ್ಯುಇ, ಅಂದರೆ ಸಾಲಿಸಿಟರ್ ಆಗಲು ಬರೆಯುವ ಅರ್ಹತಾ ಪರೀಕ್ಷೆ, ದೊಡ್ಡ ಗೋಡೆ. 2021ರಲ್ಲಿ ಬಂದ ಈ ಪರೀಕ್ಷೆಯ ಮೊದಲ ಹಂತದಲ್ಲೇ ಎರಡು ಪತ್ರಿಕೆ, ತಲಾ 180 ಬಹುಆಯ್ಕೆಯ ಪ್ರಶ್ನೆ. ಹೆಚ್ಚುವರಿ ಸಮಯ, ಪ್ರತ್ಯೇಕ ಕೊಠಡಿ ಕೇಳಬಹುದು, ಆದರೆ ಸೂಕ್ತ ದಾಖಲೆ ಬೇಕು. ಅದನ್ನು ಕೂಡಿಸಲು ತಿಂಗಳುಗಳು ಹಿಡಿಯುವುದರಿಂದಲೇ ಹಲವರಿಗೆ ಆ ಅನುಕೂಲ ಕೈತಪ್ಪುತ್ತದೆ. ದಾಖಲೆ ಹೊಂದಿಸಲು ನೆರವಾಗುವುದು ಹತ್ತು ಉಪನ್ಯಾಸಕ್ಕಿಂತ ಮೇಲು.

ಉದ್ಯೋಗದ ಹಕ್ಕಿನ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಅಂಗವೈಕಲ್ಯ ಇದೆ ಎಂದು ಒಪ್ಪಲು 2010ರ ಈಕ್ವಾಲಿಟಿ ಆ್ಯಕ್ಟ್ ಡಯಾಗ್ನೋಸಿಸ್ ಪತ್ರ ಇರಲೇಬೇಕು ಎನ್ನುವುದಿಲ್ಲ. ದಿನನಿತ್ಯದ ಕೆಲಸಗಳ ಮೇಲೆ ಗಣನೀಯ ಪರಿಣಾಮವಿದೆಯೇ, ಅದು 12 ತಿಂಗಳು ಇದ್ದಿದೆಯೇ ಅಥವಾ ಇರುವ ಸಂಭವವಿದೆಯೇ ಎಂದು ನೋಡುತ್ತದೆ. ಆದರೆ ಉದ್ಯೋಗ ಟ್ರಿಬ್ಯುನಲ್‌ಗೆ ಹೋಗುವ ಗಡುವು ತಿಂಗಳುಗಳಲ್ಲೇ ಮುಗಿಯುತ್ತದೆ. ಸಹಾಯವಾಣಿಯವರು ಮೊದಲ ಕರೆಯಲ್ಲೇ 'ಇದು ನಡೆದದ್ದು ಯಾವಾಗ' ಎಂದು ಕೇಳಿ, ಅದೇ ದಿನ ಉದ್ಯೋಗ ಕಾನೂನಿನ ವಕೀಲರತ್ತ ಕಳಿಸಬೇಕು.

ಪ್ರಶ್ನೆ: ನೆರವು ಕೇಳಿ ಬಂದವರು ನಾನು ಕೆಲಸ ಮಾಡುವ ಫರ್ಮ್‌ನ ಟ್ರೈನಿ. ಏನು ಮಾಡಲಿ?

ಉತ್ತರ: ಕಡತ ಮುಟ್ಟಬೇಡಿ, ಬೇರೆಯವರಿಗೆ ಒಪ್ಪಿಸಿ. ಫರ್ಮ್‌ನಲ್ಲಿ ಯಾರಿಗೂ, ಒಳ್ಳೆಯದಾಗಲಿ ಎಂಬ ಉದ್ದೇಶದಿಂದ ಕೂಡ, ಹೇಳಬೇಡಿ. ದತ್ತಾಂಶ ರಕ್ಷಣೆಯ ಕಾನೂನಾದ ಯುಕೆ ಜಿಡಿಪಿಆರ್‌ನಲ್ಲಿ ಆರೋಗ್ಯದ ಮಾಹಿತಿಗೆ ವಿಶೇಷ ರಕ್ಷಣೆ ಇದೆ. ಆ ಮಾಹಿತಿ ಫರ್ಮ್‌ನ ಇಮೇಲ್ ಖಾತೆಗೆ ಬಂದಿದ್ದರೆ ಅದನ್ನು ಅಲ್ಲಿಂದ ಯಾರಿಗೂ ಫಾರ್ವರ್ಡ್ ಮಾಡಬೇಡಿ, ಚಾರಿಟಿಯಲ್ಲಿ ದತ್ತಾಂಶ ನೋಡಿಕೊಳ್ಳುವವರಿಗೆ ಇವತ್ತೇ ತಿಳಿಸಿ. ಸೋರಿಕೆಯಿಂದ ಆ ವ್ಯಕ್ತಿಗೆ ಅಪಾಯವಿದೆ ಎನಿಸಿದರೆ, ಗೊತ್ತಾದ 72 ಗಂಟೆಯೊಳಗೆ ದತ್ತಾಂಶ ರಕ್ಷಣೆಯ ನಿಯಂತ್ರಕ ಸಂಸ್ಥೆಯಾದ ಐಸಿಒಗೆ ವರದಿ ಹೋಗಬೇಕು. ಮುಂದೆ ಅರ್ಜಿ ನಮೂನೆಯಲ್ಲೇ ಟ್ರಸ್ಟಿಗಳು ಕೆಲಸ ಮಾಡುವ ಫರ್ಮ್‌ಗಳ ಪಟ್ಟಿ ಹಾಕಿ, 'ಇವರಲ್ಲಿ ಯಾರೂ ನಿಮ್ಮ ಅರ್ಜಿ ನೋಡಬಾರದೇ' ಎಂದು ಕೇಳಿ.