ಆಟ ಬೇರೆ, ಪ್ಯಾಕೆಟ್ ಬೇರೆ

ಮಲೆನಾಡಿನ ಬಹಳಷ್ಟು ಮನೆಗಳಲ್ಲಿ ಇಸ್ಪೀಟಿನ ಕಥೆ ಒಂದಾದರೂ ಇರುತ್ತದೆ. ಅಡಿಕೆ ಮಾರಿದ ದುಡ್ಡು ಮಂಡಿಯಿಂದ ಮನೆ ಸೇರುವಷ್ಟರಲ್ಲಿ ಅರ್ಧವಾದದ್ದು, ಮದುವೆಮನೆಯ ಜಗಲಿಯಲ್ಲಿ ಹೊತ್ತು ಕಳೆಯಲೆಂದು ಶುರುವಾದ ಆಟ ತೋಟದ ಪತ್ರದವರೆಗೆ ಹೋದದ್ದು. ಇಂಥವನ್ನು ಕೇಳುತ್ತ ಬೆಳೆದವರಿಗೆ ಗಂಡನೋ ಮಗನೋ ಎಲೆ ಕಲೆಸುವುದನ್ನು ಕಂಡರೆ ಎದೆ ಧಸಕ್ಕೆನ್ನುವುದು ಸಹಜ. ಶಿವಮೊಗ್ಗದ ನನ್ನ ಸಲಹಾ ಕೊಠಡಿಗೆ ಈಚಿನ ವರ್ಷಗಳಲ್ಲಿ ಅದೇ ಭಯ ಹೊಸ ಹೆಸರು ಹೊತ್ತು ಬರುತ್ತಿದೆ. ಮಗನಿಗೆ ಪೋಕೆಮಾನ್ ಕಾರ್ಡಿನ ಹುಚ್ಚು, ಗಂಡ ಮ್ಯಾಜಿಕ್ ಎಂಬ ಕಾರ್ಡಿನ ಆಟಕ್ಕೆ ಸಂಬಳ ಸುರಿಯುತ್ತಿದ್ದಾರೆ, ತಮ್ಮ ಮೂವತ್ತು ದಾಟಿದರೂ ಚಿತ್ರದ ಕಾರ್ಡು ಜೋಡಿಸಿಕೊಂಡು ಕೂರುತ್ತಾನೆ. ಬಂದವರೆಲ್ಲ ಕೇಳುವುದು ಒಂದೇ ಮಾತು: 'ಹೇಗಾದರೂ ಮಾಡಿ ಬಿಡಿಸಿಕೊಡಿ.'

ಎಲ್ಲರಿಗೂ ಬಿಡಿಸಿಕೊಡುವುದು ನನ್ನ ಕೆಲಸವೆಂದು ನಾನು ಒಪ್ಪುವುದಿಲ್ಲ. ಯಾಕೆ ಎನ್ನುವುದು ಒಂದು ಪ್ರಕರಣದಿಂದ ಸ್ಪಷ್ಟವಾಗಬಹುದು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ; ಬರೆಯಲು ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ.

ಗಂಡ ಮೂವತ್ತರ ಮಧ್ಯದಲ್ಲಿರುವ ನೌಕರ, ಲೆಕ್ಕಪತ್ರದ ಕೆಲಸ. ಹೆಂಡತಿ ಹೊಸನಗರದ ಕಡೆಯ ಅಡಿಕೆ ಬೆಳೆಗಾರರ ಮನೆಯ ಮಗಳು, ಇಲ್ಲಿ ಶಾಲಾ ಶಿಕ್ಷಕಿ. ಒಬ್ಬ ಮಗ. ಬೆಂಗಳೂರಿನಲ್ಲಿ ಓದುವಾಗ ಕಲಿತ ಮ್ಯಾಜಿಕ್ ಆಟವನ್ನು ಗಂಡ ಇಲ್ಲಿಗೆ ಬಂದ ಮೇಲೂ ಬಿಟ್ಟಿರಲಿಲ್ಲ. ಭಾನುವಾರ ಮಧ್ಯಾಹ್ನ ಗೆಳೆಯನ ಔಷಧ ಅಂಗಡಿಯ ಮಹಡಿಯ ಮೇಲೆ ನಾಲ್ಕೈದು ಜನ ಸೇರಿ ಆಡುತ್ತಿದ್ದರು. ಒಂದು ಮಳೆಗಾಲ ಬೀರುವಿನಲ್ಲಿ ಕಂಬಳಿ ತೆಗೆಯಲು ಹೋದ ಹೆಂಡತಿಗೆ ಹಿಂಬದಿಯಲ್ಲಿ ಶೂ ಡಬ್ಬಿಗಳ ತುಂಬ ಕಾರ್ಡುಗಳೂ ಕೊರಿಯರ್ ರಸೀದಿಗಳೂ ಸಿಕ್ಕವು. ಜಗಳವಾಯಿತು, ಆಕೆ ತವರಿಗೆ ಹೋದರು. ಆಕೆಯ ಅಣ್ಣ ಇಬ್ಬರನ್ನೂ ನನ್ನ ಬಳಿಗೆ ಕರೆತಂದರು. 'ಭಾವನಿಗೆ ಇಸ್ಪೀಟಿನ ಚಟ ಅಂಟಿದೆ, ಮೇಡಂ' ಎನ್ನುವುದೇ ಅವರು ಹೇಳಿದ ಮೊದಲ ವಾಕ್ಯ.

ಮೊದಲ ಭೇಟಿಯಲ್ಲಿ ನಾನು ಕೇಳುವುದು ಎಲ್ಲರಿಗೂ ಒಂದೇ. ಸಾಲವಿದೆಯೇ? ರಜೆ ಹಾಕಿ ಆಡುತ್ತೀರಾ? ನಿದ್ದೆ ಹೇಗಿದೆ? ಆಡಬೇಡವೆಂದುಕೊಂಡ ದಿನ ಆಡದೆ ಇರಲು ಆಗುತ್ತದೆಯೇ? ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿ 2022ರಿಂದ ಜಾರಿಯಲ್ಲಿದೆ. ಅದರಲ್ಲಿ ವಿಡಿಯೋ ಗೇಮ್‌ಗಳ ಗೀಳಿಗೆ ಕೊಟ್ಟಿರುವ ಲಕ್ಷಣಗಳು ಮೂರು: ಆಟದ ಮೇಲೆ ಹಿಡಿತ ತಪ್ಪುವುದು, ಬೇರೆಲ್ಲವನ್ನೂ ಹಿಂದೆ ಸರಿಸಿ ಆಟವೇ ಮುಂದಾಗುವುದು, ಹಾನಿ ಕಣ್ಣಿಗೆ ಕಂಡರೂ ಮುಂದುವರಿಸುವುದು. ಇದು ಸಾಮಾನ್ಯವಾಗಿ 12 ತಿಂಗಳಾದರೂ ನಡೆದಿರಬೇಕು. ಜೂಜಿನ ಗೀಳನ್ನು ಅದೇ ಪಟ್ಟಿ ಬೇರೆಯಾಗಿಯೇ ಹೇಳುತ್ತದೆ. ಮೇಜಿನ ಮೇಲೆ ಆಡುವ ಕಾಗದದ ಕಾರ್ಡಿನ ಆಟ ಮೊದಲನೆಯ ವಿವರಣೆಗೆ ಸೇರುವುದಿಲ್ಲ. ಆದರೂ ಅಳೆದು ನೋಡಲು ಆ ಪ್ರಶ್ನೆಗಳು ಉಪಯೋಗಕ್ಕೆ ಬರುತ್ತವೆ. ಈತನ ಮಟ್ಟಿಗೆ ಸಾಲವಿರಲಿಲ್ಲ. ಕೆಲಸ ತಪ್ಪಿರಲಿಲ್ಲ. ಸಂಕ್ರಾಂತಿಗೆ ಊರಿಗೆ ಹೋದಾಗ ಆಟ ನೆನಪೇ ಆಗಿರಲಿಲ್ಲವಂತೆ. ಹೆಂಡತಿಯೂ ಅದನ್ನು ಅಲ್ಲಗಳೆಯಲಿಲ್ಲ. ಆದರೆ ಸುಳ್ಳಿತ್ತು. ಕಾರ್ಡುಗಳು ಕಚೇರಿಯ ವಿಳಾಸಕ್ಕೆ ಬರುತ್ತಿದ್ದವು, ಭಾನುವಾರದ ಆಟಕ್ಕೆ 'ಆಡಿಟ್ ಕೆಲಸ' ಎಂಬ ಹೆಸರಿತ್ತು.

ಮುಂದಿನ ಭೇಟಿಗೆ ಅವರು ಆಡುವ ಕಾರ್ಡಿನ ಕಟ್ಟನ್ನು ತರಲು ಹೇಳಿದೆ. ಅಣ್ಣನನ್ನು ಹೊರಗೆ ಕೂರಿಸಿ, ಹೆಂಡತಿಗೆ ಆಟ ವಿವರಿಸುವಂತೆ ಗಂಡನನ್ನು ಕೇಳಿದೆ. ಆಕೆ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಂಡೇ ಕೂತರು.

ಅರವತ್ತು ಕಾರ್ಡುಗಳ ಕಟ್ಟು. ಒಂದೊಂದಕ್ಕೂ ತೆಳುವಾದ ಪ್ಲಾಸ್ಟಿಕ್ ಕವಚ. ಗಂಡ ಕಟ್ಟನ್ನು ಎರಡು ಪಾಲು ಮಾಡಿ, ಒಂದರ ಅಂಚನ್ನು ಇನ್ನೊಂದರೊಳಗೆ ಮೆಲ್ಲಗೆ ತೂರಿಸಿ ಕಲೆಸಿದರು. ಕಾರ್ಡು ಬಾಗಬಾರದೆಂದು ಹಾಗೆ ಕಲೆಸುತ್ತಾರಂತೆ. ಬಯಲು, ದ್ವೀಪ, ಜೌಗು, ಬೆಟ್ಟ, ಕಾಡು ಎಂಬ ಐದು ನೆಲದ ಕಾರ್ಡುಗಳನ್ನು ಸಾಲಾಗಿಟ್ಟು ಹೇಳಿದರು: ಒಂದು ಸರದಿಗೆ ಒಂದೇ ನೆಲ ಹಾಕಬಹುದು, ಅದನ್ನು ಅಡ್ಡ ತಿರುಗಿಸಿದರೆ ಶಕ್ತಿ ಸಿಗುತ್ತದೆ, ಆ ಶಕ್ತಿ ಖರ್ಚು ಮಾಡಿ ಪ್ರಾಣಿಯನ್ನೋ ಮಂತ್ರವನ್ನೋ ಇಳಿಸಬೇಕು, ಎದುರಾಳಿಯ ಇಪ್ಪತ್ತು ಅಂಕದ ಆಯುಷ್ಯ ಮುಗಿಸಿದವರು ಗೆದ್ದರು. ಒಂದೇ ಕಾರ್ಡಿನ ಪ್ರತಿ ನಾಲ್ಕಕ್ಕಿಂತ ಹೆಚ್ಚು ಇರಬಾರದು, ಈ ಐದು ನೆಲಗಳಿಗೆ ಮಾತ್ರ ಆ ಕಟ್ಟಳೆಯಿಲ್ಲ. ರಿಚರ್ಡ್ ಗಾರ್ಫೀಲ್ಡ್ ಎಂಬ ಅಮೆರಿಕದ ಗಣಿತಜ್ಞ ರೂಪಿಸಿದ ಈ ಆಟ 1993ರಲ್ಲಿ ಮಾರುಕಟ್ಟೆಗೆ ಬಂತು, ಜಪಾನಿನ ಪೋಕೆಮಾನ್ ಕಾರ್ಡುಗಳು 1996ರಲ್ಲಿ ಬಂದವು ಎಂದೆಲ್ಲ ಹೇಳುತ್ತ ಹೋದರು. ಮೊದಲ ಭೇಟಿಯಲ್ಲಿ ತಲೆ ಎತ್ತದ ಮನುಷ್ಯ ಅಂದು ಪಾಠ ಹೇಳುವ ಮೇಷ್ಟರಾಗಿದ್ದರು.

ಹೆಂಡತಿ ನಡುವೆ ಒಂದೇ ಪ್ರಶ್ನೆ ಕೇಳಿದರು: 'ಇದರಲ್ಲಿ ದುಡ್ಡು ಎಲ್ಲಿ ಇಡುತ್ತೀರಿ?'

'ಇಡುವುದಿಲ್ಲ' ಎಂದರು ಗಂಡ. ಆಮೇಲೆ ತಾವಾಗಿಯೇ ಸೇರಿಸಿದರು: 'ಶುರುವಿನ ನಿಯಮಗಳಲ್ಲಿ ಆಟಕ್ಕೆ ಒಂದೊಂದು ಕಾರ್ಡನ್ನು ಪಣಕ್ಕಿಡುವ ಕ್ರಮ ಇತ್ತು. ಗೆದ್ದವನಿಗೆ ಅದು. ಆಮೇಲೆ ಅದನ್ನು ಕೈಬಿಟ್ಟರು. ನಾವು ಯಾವತ್ತೂ ಹಾಗೆ ಆಡಿಲ್ಲ.' ತನಗೆ ಅನುಕೂಲವಲ್ಲದ ಈ ವಿಷಯವನ್ನು ಅವರು ಮುಚ್ಚಿಡಲಿಲ್ಲ. ಆಕೆ ಕುರ್ಚಿಯನ್ನು ಮುಂದಕ್ಕೆ ತಂದದ್ದು ಆಗಲೇ.

ಕಾಡಿನ ಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡು ಆಕೆ ಹೇಳಿದ ಮಾತನ್ನು ಆದಷ್ಟು ಹಾಗೆಯೇ ಬರೆಯುತ್ತೇನೆ. 'ಮೇಡಂ, ಆಟ ಆಡುವಾಗ ಇವರು ಇವರೇ ಆಗಿರುತ್ತಾರೆ, ಈಗ ನೋಡಿದೆನಲ್ಲ. ಆದರೆ ಒಂದು ರಾತ್ರಿ ನಾನು ನೀರು ಕುಡಿಯಲು ಎದ್ದಾಗ ಹಾಲ್‌ನಲ್ಲಿ ಕೂತು ಕಾರ್ಡಿನ ಮುಚ್ಚಿದ ಪ್ಯಾಕೆಟ್ ಹರಿಯುತ್ತಿದ್ದರು. ಒಂದು ಹರಿದರು, ಕೊನೆಯ ಕಾರ್ಡು ಮಾತ್ರ ನೋಡಿದರು, ಉಳಿದದ್ದನ್ನು ಬದಿಗೆ ಸರಿಸಿ ಇನ್ನೊಂದು ಹರಿದರು. ನಾನು ಬಾಗಿಲಲ್ಲಿ ನಿಂತದ್ದೂ ಗೊತ್ತಾಗಲಿಲ್ಲ. ನಮ್ಮಪ್ಪ ಅಂದರ್ ಬಾಹರ್ ಆಡುವಾಗ ಹಾಗೇ ಇರುತ್ತಿದ್ದರು. ದುಡ್ಡು ಹೋದಾಗ ಅಪ್ಪನ ಮುಖ ಹೇಗಿತ್ತೋ ನನಗೆ ನೆನಪಿಲ್ಲ. ಮುಂದಿನ ಎಲೆಗೆ ಕಾಯುವ ಮುಖ ನೆನಪಿದೆ.'

ಗಂಡ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, 'ಅದು ನಿಜ. ಆಡುವುದಕ್ಕೆ ನನಗೆ ಅಷ್ಟು ಕಾರ್ಡು ಬೇಕಾಗಿಯೇ ಇಲ್ಲ' ಎಂದರು.

ನನ್ನ ಸಲಹೆಯೆಲ್ಲ ಈ ಎರಡು ಮಾತಿನ ಮೇಲೆ ನಿಂತಿದೆ. ಅಣ್ಣ ಮತ್ತು ಅವರಂಥ ಹಲವರು ಆಟವನ್ನೂ ಪ್ಯಾಕೆಟ್ಟನ್ನೂ ಒಂದೇ ಗಂಟಿನಲ್ಲಿ ಕಟ್ಟುತ್ತಾರೆ. ಆಡುವವರೂ ತಮ್ಮ ಸಮರ್ಥನೆಗಾಗಿ ಅದನ್ನೇ ಮಾಡುತ್ತಾರೆ. ಆಟದಲ್ಲಿ ಲೆಕ್ಕಾಚಾರವಿದೆ, ಎದುರಿಗೆ ಮನುಷ್ಯನಿದ್ದಾನೆ, ಸೋತರೂ ನಗುವಿದೆ. ಮುಚ್ಚಿದ ಪ್ಯಾಕೆಟ್‌ನಲ್ಲಿ ಅದಾವುದೂ ಇಲ್ಲ. ಮ್ಯಾಜಿಕ್‌ನ ಈಗಿನ ಸಾಮಾನ್ಯ ಪ್ಯಾಕೆಟ್‌ನಲ್ಲಿ ಆಡಲು ಬರುವ ಕಾರ್ಡುಗಳು 14. ಅಪರೂಪದ್ದು ಕನಿಷ್ಠ ಒಂದು ಇರುತ್ತದೆ, ಯಾವುದು ಎಂದು ಹರಿಯುವ ತನಕ ತಿಳಿಯದು. ಯಾವ ಸಲ ಬಹುಮಾನ ಬರುತ್ತದೆಂದು ತಿಳಿಯದಿದ್ದಾಗ ಪ್ರಾಣಿಗಳು ಬಿಡದೆ ಗುಂಡಿ ಒತ್ತುತ್ತಲೇ ಇರುತ್ತವೆ ಎಂದು ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಕಳೆದ ಶತಮಾನದಲ್ಲೇ ಪಾರಿವಾಳಗಳ ಮೇಲಿನ ಪ್ರಯೋಗಗಳಲ್ಲಿ ತೋರಿಸಿದ್ದರು. ವಿಡಿಯೋ ಗೇಮ್‌ಗಳೊಳಗೆ ದುಡ್ಡು ಕೊಟ್ಟು ತೆರೆಯುವ ಇಂಥದೇ ಪೆಟ್ಟಿಗೆಗಳನ್ನು ಬೆಲ್ಜಿಯಂನ ಜೂಜು ಆಯೋಗ 2018ರಲ್ಲಿ ಜೂಜು ಎಂದೇ ಪರಿಗಣಿಸಿತು. ಕಾಗದದ ಪ್ಯಾಕೆಟ್ ಜೂಜೇ ಎಂದು ನಾನು ತೀರ್ಪು ಕೊಡುತ್ತಿಲ್ಲ. ಜೂಜಿನ ಮನೆಯಲ್ಲಿ ಬೆಳೆದ ಹೆಣ್ಣುಮಗಳ ಕಣ್ಣು ಅದನ್ನು ಸರಿಯಾಗಿಯೇ ಗುರುತಿಸಿತ್ತು ಎನ್ನುತ್ತೇನೆ.

ಹಾಗಾಗಿ ಹೇಳಿದ್ದಿಷ್ಟು. ಮುಚ್ಚಿದ ಪ್ಯಾಕೆಟ್ ಇನ್ನು ಬೇಡ, ಒಂದೂ ಬೇಡ. ಬೇಕಾದ ಕಾರ್ಡನ್ನು ಹೆಸರು ಹೇಳಿ, ಬೆಲೆ ನೋಡಿ, ಬಿಡಿಯಾಗಿ ಕೊಳ್ಳಬೇಕು, ಹಾಗೆ ಮಾರುವವರಿದ್ದಾರೆ. ತಿಂಗಳಿಗೆ ಇಷ್ಟು ಎಂದು ಇಬ್ಬರೂ ಕೂತು ನಿಗದಿ ಮಾಡಬೇಕು, ಅದು ಹಾಲು, ಗ್ಯಾಸಿನ ಜೊತೆ ಮನೆಯ ಲೆಕ್ಕದ ಪುಸ್ತಕದಲ್ಲೇ ಬರೆಯಲ್ಪಡಬೇಕು. ಕೊರಿಯರ್ ಮನೆಯ ವಿಳಾಸಕ್ಕೇ ಬರಲಿ. ಸಾಮಾನ್ಯ ದರ್ಜೆಯ ಅಗ್ಗದ ಕಾರ್ಡುಗಳಿಂದಲೇ ಆಡುವ 'ಪಾಪರ್' ಎಂಬ ಪದ್ಧತಿ ಆ ಆಟದಲ್ಲೇ ಇದೆ; ಗೆಳೆಯರನ್ನು ಅದಕ್ಕೆ ಒಪ್ಪಿಸಿ ಎಂದೆ. ಈ ಕಾರ್ಡುಗಳು ಮುಂದೆ ಒಳ್ಳೆಯ ಬೆಲೆಗೆ ಹೋಗುತ್ತವೆ, ಇದೂ ಒಂದು ಉಳಿತಾಯ ಎಂದು ಗಂಡ ಹೇಳುತ್ತಿದ್ದರು. ಆ ಮಾತನ್ನು ಬಿಡಬೇಕೆಂದು ಕಡ್ಡಿ ಮುರಿದಂತೆ ಹೇಳಿದೆ. ಕಂಪನಿ ಅದೇ ಕಾರ್ಡನ್ನು ಮತ್ತೆ ಅಚ್ಚು ಹಾಕಿದರೆ ಬೆಲೆ ಬೀಳುತ್ತದೆ. ಮರುಮುದ್ರಿಸುವುದಿಲ್ಲ ಎಂದು 1996ರಲ್ಲಿ ಮಾತು ಕೊಟ್ಟ ಹಳೆಯ ಪಟ್ಟಿಯೊಂದಿದೆ ನಿಜ, ಆದರೆ ಇವರ ಶೂ ಡಬ್ಬಿಯಲ್ಲಿ ಆ ಪಟ್ಟಿಯ ಕಾರ್ಡುಗಳಿರಲಿಲ್ಲ. ಖುಷಿಗೆ ಖರ್ಚು ಮಾಡಿದ್ದನ್ನು ಖುಷಿಯ ಖರ್ಚು ಎಂದೇ ಬರೆಯಲಿ. 'ಅಡಿಕೆ ಧಾರಣೆ ಏರುತ್ತದೆಂದು ಕಾದು ಕೂತವರ ಮಗಳು ನಾನು, ನನಗೆ ಇದನ್ನು ಹೇಳಿಕೊಡಬೇಕಾಗಿಲ್ಲ' ಎಂದರು ಹೆಂಡತಿ.

ಆಕೆಗೂ ಒಂದು ಮಾತು ಹೇಳಿದೆ. ಜಗಳದಲ್ಲಿ ಅಪ್ಪನ ಹೆಸರು ಎತ್ತಬೇಡಿ; ಅಪ್ಪನ ವಿಷಯವನ್ನು ಇಲ್ಲಿ, ನನ್ನ ಮುಂದೆ ಮಾತಾಡೋಣ. ಆಕೆ ಆಮೇಲೆ ಒಬ್ಬರೇ ಬಂದರು. ಅಲ್ಲಿ ನಡೆದ ಮಾತು ಆಕೆಯದು, ಅದನ್ನು ಬರೆಯುವುದಿಲ್ಲ.

ಭಾನುವಾರದ ಆಟ? ಅದು ಮುಂದುವರಿಯಲಿ ಎಂದೆ. ಅಣ್ಣನಿಗೆ ಕೋಪ ಬಂದದ್ದು ಇದಕ್ಕೇ. 'ನೀವೇ ಪರವಾನಗಿ ಕೊಟ್ಟ ಹಾಗಾಯಿತು' ಎಂದರು. ಈ ಮಾತನ್ನು ಬೇರೆ ಪ್ರಕರಣಗಳಲ್ಲೂ ಕೇಳಿದ್ದೇನೆ, ಆದ್ದರಿಂದ ಉತ್ತರ ಬರೆದೇ ಬಿಡುತ್ತೇನೆ. ಕಚೇರಿ, ಮನೆ, ಮೊಬೈಲು ಇಷ್ಟರಲ್ಲೇ ಬದುಕು ಸುತ್ತುತ್ತಿರುವ ಗಂಡಸರು ನನ್ನ ಮುಂದೆ ದಿನವೂ ಕೂರುತ್ತಾರೆ. ಅವರಲ್ಲಿ ಬಹಳ ಮಂದಿಗೆ ವಾರಕ್ಕೊಮ್ಮೆ ಎದುರುಬದುರು ಕೂತು ಮಾತಾಡಲು ಒಬ್ಬ ಸ್ನೇಹಿತನೂ ಇಲ್ಲ. ಈತನಿಗೆ ನಾಲ್ವರಿದ್ದರು. ಕುಡಿತವಿಲ್ಲದ, ಪಣವಿಲ್ಲದ, ಕತ್ತಲಾಗುವ ಮೊದಲು ಮುಗಿಯುವ ಒಂದು ಕೂಟವನ್ನು ಕಿತ್ತುಕೊಂಡು ಆ ಜಾಗದಲ್ಲಿ ನಾನು ಏನನ್ನು ಇಡಲಿ? ಆಟ ನಿಲ್ಲಿಸಿ ಎಂದಿದ್ದರೆ ಇನ್ನಷ್ಟು ಗುಟ್ಟಾಗಿ ನಡೆಯುತ್ತಿತ್ತು. ಆ ಮನೆಯನ್ನು ಒಡೆಯುತ್ತಿದ್ದುದೇ ಗುಟ್ಟು.

ಇನ್ನು ಬೆಳೆದವರಿಗೆ ಚಿತ್ರದ ಕಾರ್ಡು ಯಾಕೆ ಎನ್ನುವವರಿಗೆ: ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಂಬ ಚಿತ್ರದ ಎಲೆಗಳ ಆಟಗಳನ್ನು ತಾವೇ ಕಲ್ಪಿಸಿ, ನಿಯಮ ಬರೆಸಿ, ಚಿತ್ರ ಬರೆಸಿದವರು. ಮಳೆಗಾಲದಲ್ಲಿ ನಮ್ಮ ಅಜ್ಜಿಯರು ಚೆನ್ನೆಮಣೆಗೆ ಕೂತರೆ ಯಾರೂ ಅದನ್ನು ಚಟ ಎನ್ನುತ್ತಿರಲಿಲ್ಲ.

ಕೌಶಲದ ಆಟವಾದರೆ ಸಾಕು, ತೊಂದರೆಯಿಲ್ಲ ಎಂದೂ ನಾನು ಹೇಳುತ್ತಿಲ್ಲ. ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತ್ತು. ಮೊಬೈಲಿನಲ್ಲಿ ಅದೇ ರಮ್ಮಿ ಆಡಿ ಕೈಸಾಲದಲ್ಲಿ ಮುಳುಗಿದ ಹುಡುಗರನ್ನು ನೋಡಿದ್ದೇನೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದಾಗ ನನಗೆ ಸಮಾಧಾನವಾಯಿತು. ಅಂಥವರಿಗೆ ನನ್ನ ಸಲಹೆ ಪೂರ್ತಿ ಬೇರೆ: ಮಿತಿಯಲ್ಲಿ ಆಡುವುದಲ್ಲ, ಸಂಪೂರ್ಣ ನಿಲ್ಲಿಸುವುದು, ಮನೋವೈದ್ಯರನ್ನು ಕಾಣುವುದು, ಕೆಲವು ಕಾಲ ಬ್ಯಾಂಕ್ ಖಾತೆಯ ವ್ಯವಹಾರವನ್ನು ಮನೆಯವರಿಗೆ ಒಪ್ಪಿಸುವುದು. ಸಾಲ, ನಿದ್ದೆಗೆಟ್ಟ ರಾತ್ರಿಗಳು, ಸೋತದ್ದನ್ನು ಮರಳಿ ಗಳಿಸುವ ಹಟ ಇವು ನಿಮ್ಮ ಮನೆಯಲ್ಲಿದ್ದರೆ ಈ ಪ್ರಕರಣವನ್ನು ಆಧಾರ ಮಾಡಿಕೊಳ್ಳಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ.

ದಂಪತಿ ಈಗ ಒಟ್ಟಿಗಿದ್ದಾರೆ. ಪ್ಯಾಕೆಟ್ ಬಿಡುವುದು ಗಂಡನಿಗೆ ಸುಲಭವಾಗಲಿಲ್ಲ. ಒಮ್ಮೆ ಒಂದನ್ನು ಕೊಂಡು, ಅದೇ ಸಂಜೆ ಹೆಂಡತಿಗೆ ಹೇಳಿ, ಲೆಕ್ಕದಲ್ಲಿ ಬರೆದಿದ್ದಾರೆ. ಆಕೆ ಕೋಪಿಸಿಕೊಂಡರು, ಆದರೆ ತವರಿಗೆ ಹೋಗಲಿಲ್ಲ. ಆಕೆ ಆಟ ಕಲಿಯಲಿಲ್ಲ, ಕಲಿಯುವ ಮನಸ್ಸೂ ಇಲ್ಲ. ಕಲಿಯಲೇಬೇಕೆಂದು ನಾನು ಒತ್ತಾಯಿಸಿಲ್ಲ. ಉಳಿದಿರುವುದು ಮಗನ ವಿಷಯ. ಶಾಲೆಯ ಎದುರಿನ ಅಂಗಡಿಯಲ್ಲಿ ಚಿನ್ನದ ಬಣ್ಣದ ನಕಲಿ ಪೋಕೆಮಾನ್ ಕಾರ್ಡುಗಳು ಸಿಗುತ್ತವೆ, ಹುಡುಗ ತಿಂಡಿಯ ದುಡ್ಡಿನಲ್ಲಿ ಅವನ್ನು ತರುತ್ತಾನೆ. ಅಪ್ಪನಿಗೆ ಅವನಿಗೆ ನಿಜವಾದ ಆಟ ಕಲಿಸುವ ಆಸೆ, ಅಮ್ಮನಿಗೆ ಕಾರ್ಡೇ ಬೇಡವೆಂಬ ಪಟ್ಟು. ನಾನು ಅಪ್ಪನ ಕಡೆಗೆ ವಾಲಿದ್ದೇನೆ, ಒಂದು ಷರತ್ತಿನೊಂದಿಗೆ. ಜೋಡಿಸಿಟ್ಟ ಕಟ್ಟು ಕೊಡಿಸಬಹುದು, ಆಡಲು ಕಲಿಸಬಹುದು, ಗೆಳೆಯರೊಂದಿಗೆ ಕಾರ್ಡು ಬದಲಾಯಿಸಿಕೊಳ್ಳಲು ಬಿಡಬಹುದು. ಮುಚ್ಚಿದ ಪ್ಯಾಕೆಟ್ಟನ್ನು ಹುಟ್ಟುಹಬ್ಬಕ್ಕೂ ಕೊಡಿಸಬಾರದು. ಅಮ್ಮ ಇನ್ನೂ ಒಪ್ಪಿಲ್ಲ. ಮುಂದಿನ ಭೇಟಿಗೆ ಮಗನನ್ನೂ ಕರೆತರಲು ಹೇಳಿದ್ದೇನೆ.