ಫಲಕದಲ್ಲಿ ಅಂಕಿ ಇದೆ, ಷರತ್ತು ಎಲ್ಲಿದೆ?

ಪ್ರಶ್ನೆ: ಹೊಸ ಏರ್‌ಕೂಲ್ಡ್ ಚಿಲ್ಲರ್‌ಗೆ (ಕಟ್ಟಡ ತಂಪಾಗಿಸಲು ನೀರನ್ನು ತಣಿಸಿ, ಬಿಸಿಯನ್ನು ಹೊರಗಾಳಿಗೆ ಬಿಡುವ ಯಂತ್ರ) ಕರಾರಿನಲ್ಲಿ ‘ಸಾಮರ್ಥ್ಯ 300 ಟನ್’ ಎಂದಿದೆ. ನೀರಿನ ಹರಿವು ಸೆಕೆಂಡಿಗೆ 45 ಲೀಟರ್, ಒಳಬರುವ ಮತ್ತು ಹೊರಹೋಗುವ ನೀರಿನ ನಡುವೆ 5 ಡಿಗ್ರಿ ವ್ಯತ್ಯಾಸ ಸಿಕ್ಕಿತು. ಲೆಕ್ಕ ಹಾಕಿದರೆ 268 ಟನ್ ಮಾತ್ರ. ಆ ದಿನ ಹೊರಗೆ 38 ಡಿಗ್ರಿ ಇತ್ತು, ಅದಕ್ಕೇ ಕಡಿಮೆ ಬಂದಿದೆ ಎನ್ನುತ್ತಾರೆ ಸಪ್ಲೈಯರ್. ಬಾಕಿ ಹಣ ತಡೆಹಿಡಿಯಬಹುದೇ?

ಉತ್ತರ: ಈಗಲೇ ಬೇಡ. ನಿಮ್ಮ ಲೆಕ್ಕವೇನೋ ಸರಿ: 45 × 4.19 (ನೀರಿನ ವಿಶಿಷ್ಟ ಉಷ್ಣ) × 5 ಅಂದರೆ ಸುಮಾರು 943 ಕಿಲೋವ್ಯಾಟ್, ಅದನ್ನು 3.517ರಿಂದ (ಒಂದು ಟನ್ ತಂಪಿಗೆ ಇಷ್ಟು ಕಿಲೋವ್ಯಾಟ್) ಭಾಗಿಸಿದರೆ 268 ಟನ್. ಆದರೆ ಮೊದಲು ಒಂದು ವಿಷಯ ನೋಡಿ. ಅಳೆಯುವಾಗ ಚಿಲ್ಲರ್ ಪೂರ್ತಿ ಲೋಡ್‌ನಲ್ಲಿತ್ತೇ? ಕಟ್ಟಡಕ್ಕೆ ಬೇಕಾದ ತಂಪೇ 268 ಟನ್ ಆಗಿದ್ದರೆ ಯಂತ್ರ ತಾನಾಗಿಯೇ ಕೆಳಗಿಳಿದಿರುತ್ತದೆ; ನೀವು ಅಳೆದದ್ದು ಕಟ್ಟಡದ ಬೇಡಿಕೆಯನ್ನು, ಯಂತ್ರದ ಸಾಮರ್ಥ್ಯವನ್ನಲ್ಲ. ಕಂಪ್ರೆಸರ್ 100% ತೋರಿಸುತ್ತಿರಬೇಕು, ಹೊರಹೋಗುವ ನೀರು ಸೆಟ್‌ಪಾಯಿಂಟ್‌ಗಿಂತ (ಯಂತ್ರಕ್ಕೆ ನಿಗದಿಪಡಿಸಿದ ಉಷ್ಣತೆ) ಸ್ವಲ್ಪ ಮೇಲೇ ಇರಬೇಕು. ಆಗ ಮಾತ್ರ ಆ ರೀಡಿಂಗ್ ಲೆಕ್ಕಕ್ಕೆ.

ಸಪ್ಲೈಯರ್ ಮಾತಿನಲ್ಲಿ ಹುರುಳಿದೆ, ಆದರೆ ಪೂರ್ತಿ ಅಲ್ಲ. ಅಮೆರಿಕದ ಉದ್ಯಮ ಸಂಘ ಎಎಚ್‌ಆರ್‌ಐಯ 550/590 ಮಾನದಂಡದಲ್ಲಿ ಇಂಥ ಚಿಲ್ಲರ್‌ನ ಸಾಮರ್ಥ್ಯ ಹೇಳುವುದು ಹೊರಗಾಳಿ 35 ಡಿಗ್ರಿ, ಹೊರಹೋಗುವ ನೀರು ಸುಮಾರು 6.7 ಡಿಗ್ರಿ ಇದ್ದಾಗ. ಗಾಳಿ ಬಿಸಿಯಾದಷ್ಟೂ ಟನ್ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂಬುದು ತಯಾರಕರ ಕೋಷ್ಟಕದಲ್ಲಿರುತ್ತದೆ. ಅದು 38 ಡಿಗ್ರಿಗೆ 291 ಎಂದು ಹೇಳಿದರೆ ನಿಮ್ಮ 268ನ್ನು ಹೋಲಿಸಬೇಕಾದ್ದು 291ರ ಜೊತೆ. ಆಗಲೂ 23 ಟನ್ ಕೊರತೆ ಉಳಿಯುತ್ತದೆ. ಈ ಕೋಷ್ಟಕ ಕರಾರಿನ ಅನುಬಂಧದಲ್ಲಿ ಇರಬೇಕಿತ್ತು. ಜಗಳ ಶುರುವಾದ ಮೇಲೆ ಹೊರಬರುವ ಕೋಷ್ಟಕವನ್ನು ಯಾರೂ ನಂಬುವುದಿಲ್ಲ.

38 ಡಿಗ್ರಿಯನ್ನು ಎಲ್ಲಿ ಅಳೆದಿರಿ ಎಂಬುದೂ ಮುಖ್ಯ. ಚಿಲ್ಲರ್‌ನೊಳಗೆ ಹೊರಗಾಳಿ ಹೋಗುವ ಕಾಯಿಲ್‌ನ ಮುಖದಲ್ಲಿಯೇ ಅಳೆಯಬೇಕು. ಗೋಡೆ ಹತ್ತಿರವಿದ್ದು ಬಿಸಿಗಾಳಿ ಸುತ್ತಿ ಮತ್ತೆ ಒಳಬರುತ್ತಿದ್ದರೆ ಅಲ್ಲಿ ಇನ್ನೂ ಹೆಚ್ಚಿರುತ್ತದೆ. ಅದು ಯಂತ್ರದ ತಪ್ಪಲ್ಲ, ಜಾಗ ಗುರುತಿಸಿದವರದು.

ಇನ್ನು ನೀರಿನ ಉಷ್ಣತೆ ಅಳೆಯುವ ಸೆನ್ಸರ್. ಇದೇ ಹರಿವಿನಲ್ಲಿ 300 ಟನ್‌ಗೆ ಬೇಕಾದ ವ್ಯತ್ಯಾಸ 5.6 ಡಿಗ್ರಿ. ಅಂದರೆ ನಿಮ್ಮ ಇಡೀ ವ್ಯಾಜ್ಯ ನಿಂತಿರುವುದು 0.6 ಡಿಗ್ರಿಯ ಮೇಲೆ! ಎರಡೂ ಸೆನ್ಸರ್‌ಗಳು ±0.2 ಡಿಗ್ರಿಯವಾಗಿದ್ದು, ಒಂದು ಮೇಲಕ್ಕೆ ಇನ್ನೊಂದು ಕೆಳಕ್ಕೆ ತಪ್ಪಿದರೆ 0.4 ಡಿಗ್ರಿ, ಅಂದರೆ 21 ಟನ್ ಅಲ್ಲೇ ಮಾಯ. ಎರಡನ್ನೂ ಒಂದೇ ಪಾತ್ರೆಯ ನೀರಿನಲ್ಲಿ ಅದ್ದಿ ಒಂದೇ ರೀಡಿಂಗ್ ಕೊಡುತ್ತವೆಯೇ ನೋಡಿ. ಹರಿವು ಅಳೆಯಲು ಪೈಪಿನ ಮೇಲೆ ಕಟ್ಟುವ ಅಲ್ಟ್ರಾಸಾನಿಕ್ ಮೀಟರ್ ಬಳಸಿದ್ದರೆ ಅದು ಬೆಂಡ್ ಪಕ್ಕದಲ್ಲಿರಬಾರದು. ಸಾಮಾನ್ಯವಾಗಿ ಮುಂಚೆ ಪೈಪಿನ ವ್ಯಾಸದ ಹತ್ತರಷ್ಟು, ನಂತರ ಐದರಷ್ಟು ನೇರ ಪೈಪು ಬೇಕು. ಮುಂದಿನ ಕರಾರಿನಲ್ಲಿ ಅಳತೆಯ ಅನಿಶ್ಚಿತತೆ, ಕೊರತೆಗೆ ಕೊಡುವ ರಿಯಾಯಿತಿ ಎರಡನ್ನೂ ಬೇರೆಬೇರೆ ಬರೆಯಿರಿ. ಮೊದಲನೆಯದು ಉಪಕರಣದ ಮಿತಿ, ಎರಡನೆಯದು ವ್ಯಾಪಾರದ ಮಾತು. ಬೆರೆಸಿ ‘±5%’ ಎಂದು ಬರೆದರೆ ಸಪ್ಲೈಯರ್ ಅದರ ಲಾಭವನ್ನು ಎರಡು ಸಲ ಪಡೆಯುತ್ತಾರೆ.

ಪ್ರಶ್ನೆ: ಜನರೇಟರ್ ಫಲಕದಲ್ಲಿ ‘ಪ್ರೈಮ್ 400 ಕಿಲೋವ್ಯಾಟ್’ ಎಂದಿದೆ. ಇಡೀ ದಿನ 400ರಲ್ಲಿ ಓಡಿಸಬೇಡಿ ಎನ್ನುತ್ತಾರೆ. ಇದು ಮೋಸವಲ್ಲವೇ?

ಉತ್ತರ: ಅಲ್ಲ. ಜನರೇಟರ್‌ಗಳ ಮಾನದಂಡ ಐಎಸ್‌ಒ 8528-1ರ ಪ್ರಕಾರ ಪ್ರೈಮ್ ಎಂದರೆ ಏರಿಳಿಯುವ ಲೋಡ್‌ಗೆ ಕೊಟ್ಟ ಅಂಕಿ. ತಯಾರಕರು ಬೇರೆ ಒಪ್ಪದಿದ್ದರೆ 24 ಗಂಟೆಯ ಸರಾಸರಿ ಅದರ 70%, ನಿಮಗೆ 280 ಕಿಲೋವ್ಯಾಟ್, ಮೀರಬಾರದು. ಸರಾಸರಿ ತೆಗೆಯುವಾಗ ನಿಂತಿದ್ದ ಸಮಯ ಸೇರಿಸುವಂತಿಲ್ಲ. 30%ಗಿಂತ ಕಡಿಮೆ ಓಡಿದ್ದನ್ನು 30% ಎಂದೇ ಹಿಡಿಯಬೇಕು. ಬದಲಾಗದ ಲೋಡ್ ಇದ್ದರೆ ಕಂಟಿನ್ಯುಯಸ್ ರೇಟಿಂಗ್ ಕೇಳಬೇಕಿತ್ತು. ಸ್ಟ್ಯಾಂಡ್‌ಬೈ (ಕರೆಂಟ್ ಹೋದಾಗಷ್ಟೇ ಓಡಿಸುವ) ರೇಟಿಂಗ್ ವರ್ಷಕ್ಕೆ 200 ಗಂಟೆಗಷ್ಟೇ.

ಪ್ರಶ್ನೆ: ಚಿಲ್ಲರ್ ಕರಾರಿನಲ್ಲಿ ‘ಸಾಮರ್ಥ್ಯ 20ರಿಂದ 100%ವರೆಗೆ ಬದಲಾಯಿಸಬಹುದು’ ಎಂಬ ಸಾಲು ಸಾಕೇ?

ಉತ್ತರ: ಸಾಲದು. ಮೆಟ್ಟಿಲು ಮೆಟ್ಟಿಲಾಗಿಯೋ, ನಡುವೆ ಎಲ್ಲಿ ಬೇಕಾದರೂ ನಿಲ್ಲುವಂತೆಯೋ? 20%ರಲ್ಲಿ ಕಂಪ್ರೆಸರ್ ನಿಜವಾಗಿ ಇಳಿಯುತ್ತದೆಯೋ, ಅಥವಾ ಹಾಟ್‌ಗ್ಯಾಸ್ ಬೈಪಾಸ್ (ಕಂಪ್ರೆಸರ್‌ನ ಬಿಸಿ ಅನಿಲವನ್ನು ಸುತ್ತಿಸಿ ಹಿಂದಕ್ಕೆ ಬಿಡುವ ದಾರಿ) ತೆರೆದು ತಯಾರಾದ ತಂಪನ್ನು ವ್ಯರ್ಥ ಮಾಡುತ್ತದೆಯೋ? ಎರಡನೆಯದಾದರೆ ಸಾಮರ್ಥ್ಯ ಇಳಿದರೂ ಕರೆಂಟ್ ಬಿಲ್ ಅಷ್ಟಾಗಿ ಇಳಿಯದು. ಹಾಗಾಗಿ 100, 75, 50, 25% ಪ್ರತಿ ಹಂತದಲ್ಲೂ ಸಾಮರ್ಥ್ಯದ ಜೊತೆ ಕಿಲೋವ್ಯಾಟ್ ಖಾತರಿ ಬರೆಸಿ. ಚಿಲ್ಲರ್‌ಗಳ ಐಪಿಎಲ್‌ವಿ (ಬೇರೆಬೇರೆ ಲೋಡ್‌ಗಳಲ್ಲಿನ ದಕ್ಷತೆಯ ತೂಕದ ಸರಾಸರಿ) ಲೆಕ್ಕದಲ್ಲಿ ಈ ನಾಲ್ಕಕ್ಕೆ ತೂಕ ಕ್ರಮವಾಗಿ 1, 42, 45, 12%. ಪೂರ್ತಿ ಲೋಡ್‌ನ ಒಂದೇ ಅಂಕಿಗೆ ಹಟ ಹಿಡಿಯುವವರು ಇದನ್ನು ಗಮನಿಸಬೇಕು. ಪ್ರತಿ ಹಂತದಲ್ಲಿ ಯಂತ್ರ ಆನ್-ಆಫ್ ಆಗದೆ ಎಷ್ಟು ನಿಮಿಷ ಸ್ಥಿರವಾಗಿ ನಿಲ್ಲಬೇಕು, ಪರೀಕ್ಷೆಯ ದಿನ ಲೋಡ್ ಒದಗಿಸುವ ಹೊಣೆ ಯಾರದು, ಇವೆರಡೂ ಅದೇ ಕಲಮಿನಲ್ಲಿರಲಿ.